ಟಿವಿ ಶಾಪಿಂಗ್ ಚಾನೆಲ್ ಜಗಳ: ಗಂಡನ ಕೈಲಿ ನೋಟ್‌ಬುಕ್, ಹೆಂಡತಿ ಕೈಲಿ ರಿಮೋಟ್

ಮೊದಲೇ ಹೇಳ್ಬಿಡ್ತೀನಿ, ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದ ಈ ಗಂಡ-ಹೆಂಡತಿ ಇಬ್ಬರ ಊರು, ಕೆಲಸ, ವಯಸ್ಸು ಎಲ್ಲಾ ಬದಲಾಯಿಸಿದೀನಿ, ಬರೀತೀನಿ ಅಂತ ಇಬ್ಬರ ಒಪ್ಪಿಗೆನೂ ತಗೊಂಡಿದೀನಿ. ಗಂಡನ್ನ ಯಜಮಾನರು ಅಂತೀನಿ, ಹೆಂಡತೀನ ಅಮ್ಮ ಅಂತೀನಿ. ಯಜಮಾನರು ಸರ್ಕಾರಿ ಆಫೀಸಿನ ಲೆಕ್ಕಪತ್ರ ಸೆಕ್ಷನ್‌ನಲ್ಲಿದ್ದು ರಿಟೈರ್ ಆಗಿ ಇನ್ನೂ ವರ್ಷ ತುಂಬಿಲ್ಲ. ಮಕ್ಕಳಿಬ್ಬರೂ ಬೆಂಗಳೂರಲ್ಲಿ. ಮನೇಲಿರೋದು ಒಂದೇ ಟಿವಿ, ಅದೂ ಹಾಲ್‌ನಲ್ಲಿ.

ಯಜಮಾನರು ಒಬ್ಬರೇ ಬಂದ್ರು, ಕೈಲಿ ಉದ್ದನೆ ರೂಲ್ಡ್ ನೋಟ್‌ಬುಕ್. ಕೂತವರೇ "ಮೇಡಂ, ನಮ್ಮನೆಯವಳು ಬೆಳಿಗ್ಗೆಯಿಂದ ಸಂಜೆವರೆಗೂ ಶಾಪಿಂಗ್ ಚಾನೆಲ್ ಹಾಕ್ಕೊಂಡಿರ್ತಾಳೆ, ಇದು ಅಡಿಕ್ಷನ್ ಅಂತ ನೀವು ಒಂದ್ ಮಾತು ಹೇಳ್ಬಿಡಿ ಸಾಕು" ಅಂದ್ರು. ನೋಟ್‌ಬುಕ್ ತೆಗೆದು ನೋಡಿದ್ರೆ ತಾರೀಖು, ಟೈಮು, ಐಟಂ ಹೆಸರು, ಎಲ್ಲಾ ಕಾಲಂ ಹಾಕಿ ನೀಟಾಗಿ ಬರೆದಿದಾರೆ. ನಾನ್‌ಸ್ಟಿಕ್ ಸೆಟ್ ಬೆಳಿಗ್ಗೆ 10.05ಕ್ಕೆ, ಮತ್ತೆ 10.40ಕ್ಕೆ, ಮತ್ತೆ 11.20ಕ್ಕೆ. ಆ್ಯಂಕರ್ "ಇಷ್ಟೇ ಅಲ್ಲ ಸ್ನೇಹಿತರೇ" ಅಂದಾಗೆಲ್ಲ ಒಂದೊಂದು ಗೆರೆ, ಐದಕ್ಕೊಂದು ಅಡ್ಡಗೆರೆ. "ಇನ್ನು ಕೆಲವೇ ಪೀಸ್ ಉಳಿದಿವೆ" ಅಂತ ನಿನ್ನೆನೂ ಹೇಳಿದ್ರು, ಮೊನ್ನೆನೂ ಹೇಳಿದ್ರು, ಅದಕ್ಕೆ ಕೆಂಪು ಇಂಕು. "ತವಾ ಮೇಲೆ ಮೊಟ್ಟೆ ಜಾರುತ್ತಲ್ಲ ಮೇಡಂ, ಒಂದ್ ತಿಂಗಳಿಂದ ಅದೇ ಮೊಟ್ಟೆ ಜಾರ್ತಾ ಇದೆ. ಬಾಯಿ ಆಡೋದು ಹಿಂದೀಲಿ, ಕೇಳ್ಸೋದು ಕನ್ನಡದಲ್ಲಿ. ತಲೆ ಚಿಟ್ಟು ಹಿಡಿದುಹೋಗಿದೆ" ಅಂದ್ರು. ನಗು ಬಂತು, ಆದ್ರೆ ಅವ್ರು ನಗ್ತಿರ್ಲಿಲ್ಲ, ಬಿಪಿ ಮಾತ್ರೆ ಡೋಸ್ ಜಾಸ್ತಿ ಆಗಿದೆ ಅಂತಲೂ ಹೇಳಿದ್ರು.

ಅವರಿಗೆ ನಾನು ಮೊದಲು ಹೇಳಿದ್ದು, ನಿಮಗೆ ಸಿಟ್ಟು ಬರೋದ್ರಲ್ಲಿ ತಪ್ಪಿಲ್ಲ ಅಂತ. ಆ ಕಾರ್ಯಕ್ರಮ ಇಡೀ ದಿನ ಕೂತು ನೋಡೋರಿಗೆ ಮಾಡಿದ್ದೇ ಅಲ್ಲ. ಚಾನೆಲ್ ಬದಲಾಯಿಸ್ತಾ ಬದಲಾಯಿಸ್ತಾ ಬಂದು ಎರಡು ನಿಮಿಷ ನಿಲ್ಲೋರಿಗೆ ಮಾಡಿದ್ದು, ಹಂಗಾಗಿ ಯಾವಾಗ ಬಂದ್ರೂ ರೇಟು, ಡೆಮೋ, ಫೋನ್ ನಂಬರು ಮೂರೂ ಸಿಗಬೇಕು, ಸುತ್ತಿ ಸುತ್ತಿ ಅದನ್ನೇ ಹೇಳ್ತಾರೆ. ಜನ ಬಂದು ನಿಲ್ಲಲಿ ಅಂತಲೇ ಕೇಬಲ್‌ನೋರಿಗೆ, ಡಿಶ್‌ನೋರಿಗೆ ದುಡ್ಡು ಕಟ್ಟಿ ಒಳ್ಳೆ ಚಾನೆಲ್ ನಂಬರ್ ತಗೊಳೋದೂ ಉಂಟು. ಈ ವ್ಯಾಪಾರ ಹುಟ್ಟಿದ್ದು ಅಮೆರಿಕದಲ್ಲಿ, 1977ರಲ್ಲಿ ಫ್ಲೋರಿಡಾದ ಒಂದು ರೇಡಿಯೋ ಸ್ಟೇಷನ್‌ಗೆ ಜಾಹೀರಾತಿನ ಬಾಕಿ ದುಡ್ಡಿನ ಬದಲು ಡಬ್ಬಿ ಮುಚ್ಚಳ ತೆಗೆಯೋ ಮೆಷಿನ್ ಬಂತು, ಅದನ್ನ ರೇಡಿಯೋದಲ್ಲೇ ಹೇಳಿ ಮಾರಿದ್ರು. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಟಿವೀಲಿ ಅರ್ಧ ಗಂಟೆ ಸ್ಲಾಟಲ್ಲಿ ಬರ್ತಿತ್ತು, 2008ರಿಂದೀಚೆಗೆ 24 ಗಂಟೆ ಚಾನೆಲ್‌ಗಳೇ ಬಂದ್ವು. ಅಷ್ಟು ಹೊತ್ತು ತುಂಬ್ಸೋದಾದ್ರೂ ಏನಿಂದ? ಮಾಡಿಟ್ಟಿರೋ ರೆಕಾರ್ಡಿಂಗ್‌ನೇ ತಿರುಗಿಸಿ ತಿರುಗಿಸಿ ಹಾಕ್ತಾರೆ.

ಇನ್ನೊಂದು ವಿಷಯನೂ ಹೇಳಿದೆ. ಪದೇ ಪದೇ ಕಂಡಿದ್ದು ಇಷ್ಟ ಆಗ್ತಾ ಹೋಗುತ್ತೆ ಅಂತ ಝಯಾಂಟ್ಸ್ ಅನ್ನೋ ಮನಶ್ಶಾಸ್ತ್ರಜ್ಞ 1968ರಲ್ಲೇ ತೋರಿಸಿದ್ರು, ಪದೇ ಪದೇ ಕೇಳಿದ ಮಾತು ನಿಜ ಅನ್ನಿಸ್ತಾ ಹೋಗುತ್ತೆ ಅಂತ 1977ರಲ್ಲಿ ಇನ್ನೊಂದು ಅಧ್ಯಯನ ಬಂತು. ಆದ್ರೆ ನನ್ನ ಹತ್ರ ಬರೋ ಮನೆಗಳಲ್ಲಿ ಇದರ ಜೊತೆ ಇನ್ನೊಂದನ್ನೂ ನೋಡ್ತೀನಿ, ರಿಮೋಟ್ ತನ್ನ ಕೈಲಿ ಇದ್ದೋರಿಗೆ ಅದು ಬರೀ ಸದ್ದು, ಬೇರೆಯವರ ಕೈಲಿದ್ರೆ ಅದೇ ಸದ್ದು ಹಿಂಸೆ.

ಆಮೇಲೆ ಅಮ್ಮನ್ನ ಒಬ್ಬರನ್ನೇ ಕರೆಸಿದೆ. ಬರೋಕೇ ಒಪ್ಪಿರ್ಲಿಲ್ಲ, ಮಗಳು ಹೇಳಿದ್ಮೇಲೆ ಬಂದ್ರು. ಯಾಕಮ್ಮ ಅದನ್ನೇ ಹಾಕ್ತೀರ ಅಂದೆ. "ಸೀರಿಯಲ್ ಹಾಕಿದ್ರೆ ಅಳು, ನ್ಯೂಸ್ ಹಾಕಿದ್ರೆ ಕೂಗಾಟ. ಇದ್ರಲ್ಲಿ ಯಾರೂ ಸಾಯಲ್ಲ ಮೇಡಂ" ಅಂದ್ರು. ಒಗ್ಗರಣೆ ಹಾಕೋಕೆ ಅಡುಗೆಮನೆಗೆ ಹೋಗಿ ಬಂದ್ರೂ ಕಥೆ ತಪ್ಪಲ್ಲ, ಅದೇ ಬಾಣಲೆ ಅಲ್ಲೇ ಇರುತ್ತೆ. ಮೂವತ್ತು ವರ್ಷ ಇವರು ಒಂಬತ್ತಕ್ಕೆ ಆಫೀಸಿಗೆ ಹೋದ್ಮೇಲೆ ಆ ಹಾಲ್ ಅಮ್ಮಂದು, ಅಲ್ಲಿನ ಸದ್ದು ಅಮ್ಮಂದು. "ಇವ್ರು ಈಗ ಮನೇಲೇ ಇರ್ತಾರೆ, ಎಷ್ಟು ಹೊತ್ತಿಗೆ ಕುಕ್ಕರ್ ಇಟ್ಟೆ ಅಂತಲೂ ಕೇಳ್ತಾರೆ" ಅಂದ್ರು.

ಏನೇನು ಕೊಂಡ್ಕೊಂಡಿದೀರ ಅಂತ ಕೇಳಿದೆ. ತರಕಾರಿ ಹೆಚ್ಚೋದು ಒಂದು, ಬೆಡ್‌ಶೀಟ್ ಸೆಟ್ ಒಂದು, ನೆಲ ಒರೆಸೋ ಮಾಪ್ ಒಂದು, ಎಲ್ಲಾ ಬಟ್ಟೆ ಹೊಲಿದ ದುಡ್ಡಲ್ಲಿ, ಮನೆ ಬಾಗಿಲಲ್ಲೇ ಕ್ಯಾಶ್ ಕೊಟ್ಟು. ಸ್ವಲ್ಪ ಸುಮ್ನಿದ್ದು ಮಂಡಿನೋವಿನ ಎಣ್ಣೆನೂ ಒಂದು ಅಂದ್ರು, ಅದನ್ನ ಗಂಡನಿಗೆ ಕಾಣದ ಹಾಗೆ ಅಕ್ಕಿ ಡಬ್ಬದ ಹಿಂದೆ ಇಟ್ಟಿದಾರಂತೆ. ಸಾಲ ಇಲ್ಲ, ಕೊಳ್ಳದೆ ಇರೋಕಾಗಲ್ಲ ಅನ್ನೋ ಚಡಪಡಿಕೆ ಇಲ್ಲ, ಟಿವಿ ಆಫ್ ಮಾಡಿದ್ರೆ ತಳಮಳ ಇಲ್ಲ. ಇದು ಅಡಿಕ್ಷನ್ ಅಲ್ಲ. ಯಜಮಾನರಿಗೆ ಹೇಳಿದಾಗ ಅವರ ಮುಖ ಚಿಕ್ಕದಾಯ್ತು, ಸಮಾಧಾನ ಆಗ್ಬೇಕಿತ್ತು ಅಲ್ವಾ, ಆದ್ರೆ ಅವರು ಬಂದಿದ್ದು ಸರ್ಟಿಫಿಕೇಟ್‌ಗೆ.

ಅಷ್ಟರಲ್ಲಿ ಮನೇಲಿ ಒಂದು ರಾಮಾಯಣ ಆಗಿತ್ತು. ಯಜಮಾನರು ಹೇಳ್ದೆ ಕೇಳ್ದೆ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಆ ಚಾನೆಲ್‌ಗಳಿಗೆಲ್ಲ ಪಿನ್ ಹಾಕಿ ಲಾಕ್ ಮಾಡಿದ್ರು. ಅಮ್ಮ ಮಾತು ಬಿಟ್ಟರು, ಊಟಕ್ಕೆ ಬನ್ನಿ ಅನ್ನೋದನ್ನೂ ಮಗನಿಗೆ ಫೋನ್ ಮಾಡಿ ಹೇಳ್ಸೋರಂತೆ. ನಾನು ಹೇಳಿದ್ದು ಇಷ್ಟೇ, ಮೊದಲು ಆ ಲಾಕ್ ತೆಗೀರಿ ಸರ್, ಮಿಕ್ಕಿದ್ದು ಆಮೇಲೆ. ತಮ್ಮ ಹಾಲ್‌ಗೆ ಯಾರೋ ಬೀಗ ಹಾಕಿದ್ರು ಅನ್ನಿಸಿದೆ ಅಮ್ಮನಿಗೆ.

ಮೂರನೇ ಸಲ ಇಬ್ಬರನ್ನೂ ಜೊತೇಲಿ ಕೂರಿಸ್ಕೊಂಡು ಮಾತಾಡಿದೆ. ಹತ್ತರಿಂದ ಹನ್ನೆರಡೂವರೆವರೆಗೆ ಹಾಲ್ ಅಮ್ಮಂದು, ಏನ್ ಬೇಕಾದ್ರೂ ಹಾಕ್ಲಿ, ಆ ಹೊತ್ತಲ್ಲಿ ಯಜಮಾನರು ಮನೇಲಿ ಇರಬಾರದು, ಲೈಬ್ರರಿನೋ ಬ್ಯಾಂಕೋ ಪಾರ್ಕೋ ಎಲ್ಲಿಗಾದ್ರೂ ಹೋಗ್ಲಿ, ಸಂಜೆ ನ್ಯೂಸ್ ಅವರದ್ದು, ಮಿಕ್ಕ ಹೊತ್ತು ಟಿವಿ ಆಫ್. ಅಡುಗೆಮನೆಗೆ ಒಂದು ರೇಡಿಯೋ ಇಡಿ, ಸದ್ದು ಬೇಕು ಅನ್ನೋರಿಗೆ ಆಕಾಶವಾಣಿ ಕೆಟ್ಟದ್ದೇನಲ್ಲ. ಇನ್ನೊಂದು ಟಿವಿ ತಂದ್ಕೊಡ್ತೀನಿ ಅಂತ ಮಗಳು ಅಂದಿದ್ಲಂತೆ, ಈಗ ಬೇಡ ಅಂದೆ, ಈಗ ತಂದ್ರೆ ಇಬ್ಬರೂ ಒಂದೊಂದು ರೂಮ್ ಹಿಡಿದು ಕೂತ್ಬಿಡ್ತಾರೆ, ಮಾತಿಗೆ ಇರೋ ಒಂದು ಜಗಳನೂ ಹೋಗುತ್ತೆ.

ಅಮ್ಮನಿಗೆ ಹೇಳಿದ್ದು, ಏನಾದ್ರೂ ಬೇಕು ಅನ್ನಿಸಿದ್ರೆ ಕ್ಯಾಲೆಂಡರ್ ಮೇಲೆ ಬರೆದಿಟ್ಟು ನಾಳೆ ಫೋನ್ ಮಾಡಿ, "ಇವತ್ತೇ ಕೊನೆ" ಅಂದ್ರೆ ಹೆದರ್ಬೇಡಿ, ನಿಮ್ಮ ಯಜಮಾನರ ನೋಟ್‌ಬುಕ್ಕೇ ಸಾಕ್ಷಿ, ನಾಳೆನೂ ಅದು ಬರುತ್ತೆ. ಒಂದ್ಸಲ ಆರ್ಡರ್ ಮಾಡಿದ್ಮೇಲೆ ಶುರುವಾದ ಸೇಲ್ಸ್ ಕಾಲ್‌ಗಳನ್ನ ನಿಲ್ಲಿಸೋಕೆ 1909ಕ್ಕೆ START 0 ಅಂತ ಮೆಸೇಜ್ ಹಾಕಿಸಿದ್ವಿ. ಎಣ್ಣೆ ವಿಷಯ ಅಲ್ಲೇ ಬಾಯಿಬಿಟ್ಟರು. ಗಂಡ ಬೈತಾರೆ ಅಂದ್ಕೊಂಡಿದ್ವಿ, ಅವರು "ಮಂಡಿ ಅಷ್ಟು ನೋಯುತ್ತಾ? ನಂಗ್ಯಾಕೆ ಹೇಳ್ಲಿಲ್ಲ?" ಅಂದ್ರು. ಎಣ್ಣೆ ಸಾಕು, ಮೂಳೆ ಡಾಕ್ಟರ್ ಹತ್ರ ತೋರಿಸಿ ಅಂದೆ.

ಯಜಮಾನರಿಗೆ ಹೇಳಿದ್ದು, ಹೆಂಡತಿ ಮೇಲಿನ ಲೆಕ್ಕ ನಿಲ್ಲಿಸಿ, ಬರೆಯಲೇಬೇಕು ಅನ್ನಿಸಿದ್ರೆ ಚಾನೆಲ್ ಮೇಲೆ ಬರೀರಿ. ಆನ್‌ಲೈನ್‌ನಲ್ಲಿ ಸುಳ್ಳು ಅವಸರ ಹುಟ್ಟಿಸಿ ಮಾರೋದನ್ನ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿ ತಡೆಯುತ್ತೆ, ಟಿವಿ ಸೇರಿ ಎಲ್ಲಾ ಕಡೆ ಬರೋ ದಾರಿ ತಪ್ಪಿಸೋ ಜಾಹೀರಾತಿನ ಬಗ್ಗೆ 2022ರದ್ದು ಬೇರೆ ಇದೆ, ಸಕ್ಕರೆ ಕಾಯಿಲೆ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದು 1954ರ ಕಾನೂನಿನಿಂದಲೇ ನಿಷಿದ್ಧ. ಅವರ ಪಟ್ಟೀಲಿ ಅದೃಷ್ಟ ತರೋ ಯಂತ್ರವೂ ಇತ್ತು, ಅಂಥ ಜಾಹೀರಾತು ಕಾನೂನುಬಾಹಿರ ಅಂತ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2021ರ ಜನವರೀಲಿ ಮಹಾರಾಷ್ಟ್ರದ ಕಾನೂನಿನಡಿ ಹೇಳಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ನಂಬರ್ ಕೊಟ್ಟೆ. ಆಫೀಸ್ ಫೈಲ್ ಕೊಟ್ಟಷ್ಟು ಖುಷಿ ಆಯ್ತು ಅವರಿಗೆ. ಇಡೀ ಸರ್ವೀಸಲ್ಲಿ ಸಹಿಗೆ ಜನ ಕಾಯ್ತಿದ್ರು, ಈಗ ದಿನಕ್ಕೊಂದು ಪ್ರಶ್ನೆ ಕೇಳೋರೂ ಇಲ್ಲ, ಆ ಗೆರೆಗಳೆಲ್ಲಾ ಅದರಿಂದಲೇ ಬಂದಿದ್ದು ಅಂತ ನನ್ನ ಅಂದಾಜು.

ಮೊನ್ನೆ ಅಮ್ಮ ಫೋನ್ ಮಾಡಿದ್ರು. ದೂರು ಕೊಟ್ಟಾಗಿದೆ, ಜಗಳ ಕಮ್ಮಿ ಆಗಿದೆ, ರೇಡಿಯೋ ಬಂದಿದೆ. "ಆದ್ರೆ ಮೇಡಂ, ಈಗ ಆ ಚಾನೆಲ್ ನನಗಿಂತ ಇವ್ರೇ ಜಾಸ್ತಿ ನೋಡ್ತಾರೆ, ಕಂಪ್ಲೇಂಟ್‌ಗೆ ಪಾಯಿಂಟ್ ಬೇಕಂತೆ" ಅಂದ್ರು. ವಾರಕ್ಕೆ ಎರಡು ಗಂಟೆ ಮೇಲೆ ಬೇಡ ಅಂತ ಹೇಳಿಸಿದೀನಿ. ಮಂಡಿ ಎಕ್ಸ್‌ರೇ ಇನ್ನೂ ಆಗಿಲ್ಲ, ಹಬ್ಬ ಮುಗೀಲಿ ಅಂತಿದಾರೆ.