ತರಗತಿಯಲ್ಲಿ ವಿಡಿಯೋ ಕಾನ್ಫರೆನ್ಸ್‌ನಿಂದ ನಿಜವಾಗಿ ಉಪಯೋಗ ಇದೆಯಾ? ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿರುವುದು ಇಷ್ಟು: ಹಳ್ಳಿಯ ಸರ್ಕಾರಿ ಹೈಸ್ಕೂಲು, ದಾನಿಗಳು ದೊಡ್ಡ ಟಿವಿ, ವೆಬ್‌ಕ್ಯಾಮ್ ಕೊಟ್ಟಿದ್ದಾರೆ, ಅದರಲ್ಲಿ ವಿಡಿಯೋ ಕಾಲ್ ಮಾಡಿದರೆ ಮಕ್ಕಳ ಕಲಿಕೆಗೆ ಏನಾದರೂ ಸಿಗುತ್ತಾ ಅಂತ. ನಾನು ಚಾಮರಾಜನಗರ ಜಿಲ್ಲೆಯಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಖಂಡಿತ ಸಿಗುತ್ತೆ. ಆದರೆ ದೂರದಿಂದ ಯಾರೋ ಒಬ್ಬರು ಪಾಠ ಮಾಡುವುದು, ನಮ್ಮ ಮಕ್ಕಳು ಸಾಲಾಗಿ ಕೂತು ಕೇಳುವುದು, ಇದಕ್ಕೆ ಮಾತ್ರ ಆ ಟಿವಿಯನ್ನು ಮೀಸಲಿಡಬೇಡಿ. ಇನ್ನೊಂದು ಊರಿನ ಮಕ್ಕಳ ಜೊತೆ ಸೇರಿ ಒಂದು ಕೆಲಸ ಮಾಡಿಸಿ, ಆಗ ಅದರ ಬೆಲೆ ಗೊತ್ತಾಗುತ್ತೆ.

ಟಿವಿಯಲ್ಲಿ ಪಾಠ ಕೇಳಿಸುವುದು ನಮ್ಮ ಜಿಲ್ಲೆಗೆ ಹೊಸದಲ್ಲ. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕೆ ಅಂತಲೇ ಎಜುಸ್ಯಾಟ್ ಉಪಗ್ರಹ ಹಾರಿಸಿತಲ್ಲ, ಆಮೇಲೆ ಅದರ ಮೂಲಕ ಪ್ರಾಥಮಿಕ ಶಾಲೆಗಳಿಗೆ ಪಾಠ ಕಳಿಸಲು ಆರಿಸಿಕೊಂಡಿದ್ದು ಇದೇ ಚಾಮರಾಜನಗರವನ್ನ. ಶಾಲೆಯ ಮೇಲೆ ಡಿಶ್, ಒಳಗೆ ಟಿವಿ. ಒಳ್ಳೆ ಪ್ರಯತ್ನವೇ. ಆದರೆ ಶಾಲೆಯಿಂದ ವಾಪಸ್ ಮಾತಾಡೋಕೆ ದಾರಿ ಇರಲಿಲ್ಲ. ಈಗ ಸಾದಾ ಮೊಬೈಲಿನಲ್ಲೂ ಆ ದಾರಿ ಇದೆ. ಅದನ್ನೇ ಬಳಸದೆ ಬರೀ ನೋಡಿಸುವುದಾದರೆ ಯೂಟ್ಯೂಬೇ ಸಾಕಲ್ವಾ? ಅದನ್ನಾದರೆ ಬೇಕಾದಲ್ಲಿ ನಿಲ್ಲಿಸಬಹುದು, ಇನ್ನೊಂದು ಸಲ ಹಾಕಬಹುದು.

ನಾವು ಮಾಡಿದ್ದರಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಕೆಲಸ ಹೇಳುತ್ತೇನೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಎರಟೋಸ್ತನೀಸ್ ಅನ್ನುವ ಗ್ರೀಕ್ ವಿದ್ವಾಂಸ ನೆರಳು ನೋಡಿ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ ಕತೆ ನಿಮಗೆ ಗೊತ್ತಿರುತ್ತೆ. ಅದನ್ನು ಮಾಡಲು ಉತ್ತರ ದಕ್ಷಿಣವಾಗಿ ದೂರ ಇರುವ ಎರಡು ಊರು ಬೇಕು. ಕರ್ನಾಟಕದ ನಕ್ಷೆ ತೆಗೆದು ನೋಡಿ. ಬೀದರ್ ಮೇಲ್ತುದಿ, ಚಾಮರಾಜನಗರ ಕೆಳತುದಿ, ಎರಡೂ ಹೆಚ್ಚುಕಮ್ಮಿ ಒಂದೇ ರೇಖಾಂಶದ ಮೇಲೆ ಇವೆ, 77 ಡಿಗ್ರಿಯ ಆಸುಪಾಸು. ಅಕ್ಷಾಂಶದಲ್ಲಿ 6 ಡಿಗ್ರಿ ಅಂತರ. ಇದಕ್ಕೆ ಅಂತಲೇ ನಮ್ಮ ರಾಜ್ಯ ಮಾಡಿದಂಗಿದೆ!

ಬೀದರ್ ಜಿಲ್ಲೆಯಲ್ಲಿ ಒಂದು ಶಾಲೆ ಒಪ್ಪಿತು. ಜನವರಿ ತಿಂಗಳು, ಮೋಡದ ಕಾಟ ಇಲ್ಲ. ಎರಡೂ ಕಡೆ ಮೈದಾನದಲ್ಲಿ 1 ಮೀಟರ್ ಕೋಲು ನೆಟ್ಟು, ಫೋನಿನಲ್ಲಿ ವಿಡಿಯೋ ಕಾಲ್ ಹಚ್ಚಿಕೊಂಡು ನಿಂತೆವು. ನಮ್ಮ ಕಡೆ ಸೂರ್ಯ ಆ ದಿನದ ಅತಿ ಎತ್ತರಕ್ಕೆ ಬರುವುದು ಗಡಿಯಾರದ 12 ಗಂಟೆಗಲ್ಲ, ಜನವರಿ ಕೊನೆಯಲ್ಲಿ ಸುಮಾರು 12.30ಕ್ಕೆ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವು ಅದರ ಪಶ್ಚಿಮಕ್ಕಿದ್ದೇವೆ, ಡಿಗ್ರಿಗೆ 4 ನಿಮಿಷ ತಡ. ಅದರ ಮೇಲೆ ಆ ತಿಂಗಳಲ್ಲಿ ಸೂರ್ಯನೂ ಗಡಿಯಾರಕ್ಕಿಂತ ಹತ್ತು ನಿಮಿಷದಷ್ಟು ಹಿಂದೆ. ಹೀಗಾಗಿ 12.15ರಿಂದಲೇ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿ, ಅದರಲ್ಲಿ ಅತಿ ಚಿಕ್ಕದನ್ನ ತೆಗೆದುಕೊಳ್ಳಬೇಕು.

ಅಳತೆ ನಡೆಯುತ್ತಿರುವಾಗ ಬೀದರ್ ಕಡೆಯ ಒಬ್ಬಳು ಹುಡುಗಿ ಫೋನಿನಲ್ಲೇ ನಮ್ಮ ಕೋಲು ನೋಡಿ, "ನಿಮ್ಮ ಕೋಲು ಸೊಟ್ಟ ಅದರೀ" ಅಂದಳು. ನಮ್ಮ ಹುಡುಗರು ಒಪ್ಪಲಿಲ್ಲ. ಅವಳು ದಾರಕ್ಕೆ ಕಲ್ಲು ಕಟ್ಟಿ ಕೋಲಿನ ಪಕ್ಕ ಇಳಿಬಿಟ್ಟು ತೋರಿಸಿದಳು, ಹಿಂಗ ನೋಡ್ಕೋರಿ ಅಂತ. ನಮ್ಮವರು ಶೂ ಲೇಸ್ ಬಿಚ್ಚಿ ಅದಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ನಿಜವಾಗಿಯೂ ಕೋಲು ವಾಲಿತ್ತು. ಸರಿ ಮಾಡಿ ಮತ್ತೆ ಅಳೆದರು. ನಾನು ಇಡೀ ವರ್ಷ ಹೇಳಿದ್ದರೂ ಅಷ್ಟು ಮುತುವರ್ಜಿ ಬರುತ್ತಿರಲಿಲ್ಲ. ಓರಗೆಯ ಮಕ್ಕಳು ಕಣ್ಣಿಟ್ಟು ನೋಡುತ್ತಿದ್ದಾರೆ ಅಂದರೆ ಮಕ್ಕಳು ಕೆಲಸ ಮಾಡುವ ರೀತಿಯೇ ಬದಲಾಗುತ್ತೆ.

ಅತಿ ಚಿಕ್ಕ ನೆರಳು ಅವರಿಗೆ 79 ಸೆಂಟಿಮೀಟರ್ ಬಂತು, ನಮಗೆ 62. ತ್ರಿಕೋನಮಿತಿ ಬೇಡ, ಎಂಟನೇ ಕ್ಲಾಸಿನವರೂ ಕೋಲು, ನೆರಳಿನ ಅಳತೆಗೆ ತಕ್ಕಂತೆ ತ್ರಿಭುಜ ಬರೆದು ಕೋಲಿನ ತುದಿಯ ಕೋನವನ್ನ ಕೋನಮಾಪಕ ಇಟ್ಟು ನೋಡಬಹುದು. ಎರಡು ಕೋನಗಳ ವ್ಯತ್ಯಾಸ ಆರೂವರೆ ಡಿಗ್ರಿ. ನಕ್ಷೆಯಲ್ಲಿ ನೇರ ದೂರ ಸುಮಾರು 665 ಕಿಲೋಮೀಟರ್ (ಬಸ್ಸಿನ ದೂರ ತೆಗೆದುಕೊಳ್ಳಬೇಡಿ, ಅದು ಜಾಸ್ತಿ). ಆರೂವರೆ ಡಿಗ್ರಿಗೆ ಇಷ್ಟು ದೂರ ಆದರೆ ಇಡೀ ಸುತ್ತಿನ 360 ಡಿಗ್ರಿಗೆ ಎಷ್ಟು ಅಂತ ಲೆಕ್ಕ ಹಾಕಿದರೆ ಭೂಮಿಯ ಸುತ್ತಳತೆ 36,800 ಕಿಲೋಮೀಟರ್ ಹತ್ತಿರ ಬಂತು. ನಿಜವಾದದ್ದು 40,000. ಉಳಿದದ್ದು ಎಲ್ಲಿ ಹೋಯಿತು ಅಂತ ಎರಡೂ ಶಾಲೆಯವರು ಮಾರನೇ ದಿನ ಟಿವಿ ಮುಂದೆ ಕೂತು ವಾದ ಮಾಡಿದರಲ್ಲ, ಆ ಪೀರಿಯಡ್ ನನಗೆ ಇವತ್ತಿಗೂ ಖುಷಿ. ನೆರಳಿನ ಅಂಚು ಮಸುಕಾಗಿರುತ್ತೆ, 1 ಸೆಂಟಿಮೀಟರ್ ಆಚೀಚೆ ಆದರೆ ಕೋನ ಡಿಗ್ರಿಯ ಮೂರನೇ ಒಂದರಷ್ಟು ತಪ್ಪುತ್ತೆ, ಇರುವುದೇ 6 ಡಿಗ್ರಿ. ಅಳತೆಯಲ್ಲಿ ದೋಷ ಅಂದರೇನು ಅನ್ನುವ ಪಾಠ ಅಲ್ಲೇ ಆಗಿಹೋಯಿತು.

ಎಲ್ಲ ಸಲ ಪ್ರಯೋಗವೇ ಆಗಬೇಕು ಅಂತಿಲ್ಲ. ಮಲ್ಪೆ ಬಂದರಿನಿಂದ ಯಾರಾದರೂ ಅರ್ಧ ಗಂಟೆ ಫೋನ್ ಹಿಡಿದು ತೋರಿಸಿದರೂ ಸಾಕು, ಸಮುದ್ರ ನೋಡದ ಮಕ್ಕಳಿಗೆ ಅದೇ ದೊಡ್ಡದು. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತೆ, ಮೀನು ಇಳಿಸುವುದನ್ನ ನೋಡಬೇಕಾದರೆ ಆಗಸ್ಟ್ ಆಮೇಲೆ ಇಟ್ಟುಕೊಳ್ಳಿ. ಅತಿಥಿಗಳನ್ನ ಕರೆದರೆ ಅವರ ಮಾತು ಹತ್ತು ನಿಮಿಷ, ಉಳಿದದ್ದು ಮಕ್ಕಳ ಪ್ರಶ್ನೆ. ಪ್ರಶ್ನೆಗಳನ್ನ ಹಿಂದಿನ ದಿನವೇ ಮಕ್ಕಳ ಕೈಲಿ ಬರೆಸಿ. ಇಲ್ಲದಿದ್ದರೆ ಕ್ಯಾಮೆರಾ ಮುಂದೆ ಎಲ್ಲರೂ ಮೌನ, ಧೈರ್ಯ ಇರುವ ಇಬ್ಬರೇ ಮಾತಾಡುತ್ತಾರೆ.

ಈಗ ಸಾಮಾನಿನ ವಿಷಯ. ದುಡ್ಡು ಉಳಿದಿದ್ದರೆ ಕ್ಯಾಮೆರಾಗಿಂತ ಮೊದಲು ಒಳ್ಳೆ ಮೈಕ್ ತಗೊಳ್ಳಿ. ಚಿತ್ರ ನಿಂತರೂ ಪಾಠ ನಡೆಯುತ್ತೆ, ಮಾತು ಕೇಳಿಸದಿದ್ದರೆ ಐದು ನಿಮಿಷಕ್ಕೆ ಹಿಂದಿನ ಬೆಂಚಿನವರು ಗಲಾಟೆ ಶುರು ಮಾಡುತ್ತಾರೆ. ಮಾತಾಡುವ ಮಗು ಎದ್ದು ಮೈಕ್ ಹತ್ತಿರ ಬರಲಿ. ಒಂದೇ ರೂಮಿನಲ್ಲಿ ಎರಡು ಫೋನ್ ಕಾಲ್‌ನಲ್ಲಿದ್ದರೆ ಕೂಯ್ ಅಂತ ಕಿರುಚುತ್ತೆ, ಒಂದರ ಮೈಕ್, ಸ್ಪೀಕರ್ ಎರಡೂ ಬಂದ್ ಮಾಡಿ. ಡೇಟಾ ಗಂಟೆಗೆ ಒಂದು ಜಿಬಿ ಆಸುಪಾಸು ಖರ್ಚಾಗುತ್ತೆ ಅಂತ ಇಟ್ಟುಕೊಳ್ಳಿ, ನೆಟ್ ಕುಂಟಿದರೆ ವಿಡಿಯೋ ಆಫ್ ಮಾಡಿ ಮಾತು ಮುಂದುವರಿಸಿ. ಉಚಿತ ಝೂಮ್ 40 ನಿಮಿಷಕ್ಕೆ ಕಟ್ ಆಗುತ್ತೆ, ನಮ್ಮ ಪೀರಿಯಡ್ಡೂ ಅಷ್ಟೇ. ಹಾಗಾಗಿ "ಕೇಳಿಸ್ತಾ, ಕಾಣ್ತಾ" ಎಲ್ಲ ವಾಟ್ಸಾಪ್‌ನಲ್ಲಿ ಮೊದಲೇ ಮುಗಿಸಿಕೊಳ್ಳಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮಕ್ಕಳ ಮುಖ ಕಾಣುವ ರೆಕಾರ್ಡಿಂಗ್, ಸ್ಕ್ರೀನ್‌ಶಾಟ್ ಯಾವ ಗ್ರೂಪಿಗೂ ಹೋಗಬಾರದು, ಶಾಲೆಯ ಪ್ರಚಾರಕ್ಕೂ ಬೇಡ. ಮುಖ್ಯ ಶಿಕ್ಷಕರ ಅನುಮತಿ, ಪೋಷಕರ ಒಪ್ಪಿಗೆ ಮೊದಲೇ ತಗೊಳ್ಳಿ. ಇನ್ನು ಮೇಷ್ಟ್ರು ಇಲ್ಲದ ಕ್ಲಾಸಿಗೆ ಟಿವಿ ಹಾಕಿ ಕೂರಿಸುತ್ತೇವೆ ಅಂತ ಯಾರಾದರೂ ಹೊರಟರೆ ದಯವಿಟ್ಟು ಒಪ್ಪಬೇಡಿ. ಆ ಕಡೆಯವರಿಗೆ ಯಾವ ಮಗುವಿಗೆ ಅರ್ಥ ಆಗಿಲ್ಲ ಅನ್ನುವುದು ಕಾಣಿಸುವುದಿಲ್ಲ, ರೂಮಿನಲ್ಲಿ ನಿಂತವರಿಗೆ ಕಾಣಿಸುತ್ತೆ.

ನೀವು ಯಾವ ಜಿಲ್ಲೆ ಅಂತ ಬರೆದಿಲ್ಲ. ನೆರಳಿನ ಪ್ರಯೋಗಕ್ಕೆ ಅಕ್ಷಾಂಶದಲ್ಲಿ 3 ಡಿಗ್ರಿಯಾದರೂ ಅಂತರ ಇದ್ದರೆ ಒಳ್ಳೇದು. ನೀವು ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರಾದರೆ ತಿಳಿಸಿ, ಬರುವ ಜನವರಿಗೆ ನಮ್ಮ ಮಕ್ಕಳೇ ನಿಮ್ಮ ಮಕ್ಕಳ ಜೊತೆ ಕೂರುತ್ತಾರೆ.