ಎರಡನೇ ಡಿಸ್ಕ್ ಹಾಕಿದ ಮೇಲೆ ಲಿನಕ್ಸ್ ಏಳುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಫೋಟೊ ಸ್ಟುಡಿಯೊ ಇದೆ. ಕಂಪ್ಯೂಟರಿಗೆ ಉಬುಂಟು ಲಿನಕ್ಸ್ ಹಾಕಿಕೊಂಡು ಮೂರು ವರ್ಷ ಆಯಿತು, ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಮದುವೆ ಸೀಸನ್ನಿನ ಫೋಟೊಗಳಿಗೆ ಜಾಗ ಸಾಲದೆ ಹೋದ ತಿಂಗಳು 4 ಟಿಬಿ ಹಾರ್ಡ್ ಡಿಸ್ಕ್ ತಂದು ಒಳಗೇ ಕೂರಿಸಿದೆ. ತಾನಾಗೇ ಮೌಂಟ್ ಆಗಲಿ (ಒಂದು ಫೋಲ್ಡರಿನ ಹಾಗೆ ತೆರೆದುಕೊಳ್ಳಲಿ) ಅಂತ ಒಂದು ವಿಡಿಯೊ ನೋಡಿ, ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅನ್ನುವ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲಿಗೆ ಒಂದು ಸಾಲು ಸೇರಿಸಿದೆ. ಆಮೇಲಿಂದ ಕೆಲವು ದಿನ ಸರಿಯಾಗಿ ಬರುತ್ತಿತ್ತು, ಕೆಲವು ದಿನ ಕಪ್ಪು ಪರದೆಯ ಮೇಲೆ 'ಎಮರ್ಜೆನ್ಸಿ ಮೋಡ್' ಅಂತ ಬಂದು ನಿಲ್ಲುತ್ತಿತ್ತು. ಡಿಸ್ಕೇ ಕೆಟ್ಟಿದೆ ಅಂದುಕೊಂಡು ಬಿಚ್ಚಿಟ್ಟೆ. ಈಗ ಒಂದು ದಿನವೂ ಬೂಟ್ ಆಗುತ್ತಿಲ್ಲ! ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು ಅಂತ ರಿಪೇರಿಯವರು ಹೇಳುತ್ತಿದ್ದಾರೆ.

ಉತ್ತರ: ಬೇಡ, ಏನನ್ನೂ ಅಳಿಸಬೇಡಿ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಡಿಸ್ಕ್ ಕೆಟ್ಟಿದ್ದರೆ ಅದನ್ನು ಬಿಚ್ಚಿದ ಮೇಲೆ ಕಂಪ್ಯೂಟರ್ ಮೊದಲಿನ ಹಾಗೆ ಏಳಬೇಕಿತ್ತು, ಅಲ್ವಾ? ಬಿಚ್ಚಿದ ಮೇಲೆ ಪೂರ್ತಿ ಮಲಗಿತು ಅಂದರೆ, ಬಾರದ ಡಿಸ್ಕಿಗಾಗಿ ಒಳಗೆ ಯಾರೋ ದಾರಿ ಕಾಯುತ್ತಿದ್ದಾರೆ. ಕಾಯಿಸುತ್ತಿರುವುದು ನೀವು ಬರೆದ ಆ ಸಾಲು.

ಆ ಸಾಲನ್ನು ನೀವು ಕಳಿಸಿಲ್ಲ. ಆದರೂ ಅದು 'ಡೆವ್ ಎಸ್‌ಡಿಬಿ1' ಅಂತಲೇ ಶುರುವಾಗುತ್ತದೆ ಅಂತ ಬೆಟ್ ಕಟ್ಟುತ್ತೇನೆ. ಅರ್ಧಕ್ಕರ್ಧ ವಿಡಿಯೊಗಳು ಹಾಗೇ ಹೇಳಿಕೊಡುತ್ತವೆ. ಎಸ್‌ಡಿಎ, ಎಸ್‌ಡಿಬಿ ಅನ್ನುವವು ಡಿಸ್ಕಿನ ಹೆಸರುಗಳಲ್ಲ, ಸರತಿಯ ಟೋಕನ್ ಇದ್ದ ಹಾಗೆ. ಪ್ರತಿ ಸಲ ಬೂಟ್ ಆಗುವಾಗ ಲಿನಕ್ಸಿನ ತಿರುಳಾದ ಕರ್ನಲ್ ಎಲ್ಲ ಡಿಸ್ಕುಗಳನ್ನೂ ಹೆಚ್ಚು ಕಡಿಮೆ ಒಟ್ಟಿಗೇ ಕರೆಯುತ್ತದೆ. ಮೊದಲು ಓಗೊಟ್ಟವನಿಗೆ 'ಎ', ಆಮೇಲಿನವನಿಗೆ 'ಬಿ'. ಇವತ್ತು ಎಸ್‌ಡಿಬಿ ಆದ ಡಿಸ್ಕ್ ನಾಳೆಯೂ ಎಸ್‌ಡಿಬಿಯೇ ಆಗಿರಬೇಕು ಅಂತ ಯಾವ ನಿಯಮವೂ ಇಲ್ಲ.

ನಿಮ್ಮಲ್ಲಿ ನಡೆದದ್ದು ಹೀಗಿರಬೇಕು. ಒಳ್ಳೆಯ ದಿನ ಉಬುಂಟು ಇರುವ ಹಳೆಯ ಡಿಸ್ಕಿಗೆ (ಅದು ಎಸ್‌ಎಸ್‌ಡಿ ಅಂದುಕೊಳ್ಳೋಣ) 'ಎ' ಸಿಕ್ಕಿತು, ಫೋಟೊ ಡಿಸ್ಕಿಗೆ 'ಬಿ' ಸಿಕ್ಕಿತು, ಎಲ್ಲ ಸುಸೂತ್ರ. ಕೆಟ್ಟ ದಿನ ಅದಲು ಬದಲು. ಆಗ ಎಸ್‌ಡಿಬಿ1 ಅಂದರೆ ಎಸ್‌ಎಸ್‌ಡಿಯ ಮೊದಲನೇ ಪಾರ್ಟಿಷನ್, ಅಂದರೆ ಮೊದಲ ಭಾಗ. ಅದು ಸಾಮಾನ್ಯವಾಗಿ ಬೂಟ್ ಫೈಲುಗಳಿರುವ ಪುಟ್ಟ ಇಎಫ್‌ಐ ಪಾರ್ಟಿಷನ್, ಫ್ಯಾಟ್ ಮಾದರಿಯದು. ನಿಮ್ಮ ಸಾಲು 'ಇದು ಇಎಕ್ಸ್‌ಟಿ4' (ಲಿನಕ್ಸಿನ ಮಾಮೂಲಿ ಫಾರ್ಮ್ಯಾಟ್) ಅನ್ನುತ್ತದೆ. ಬೂಟ್ ಕೆಲಸ ನೋಡಿಕೊಳ್ಳುವ ಸಿಸ್ಟಮ್‌ಡಿ ತಬ್ಬಿಬ್ಬಾಗಿ, ಮುಂದೆ ಹೋದರೆ ಏನಾದರೂ ಹಾಳಾದೀತು ಅಂತ ಎಮರ್ಜೆನ್ಸಿ ಮೋಡಿಗೆ ಇಳಿಯುತ್ತದೆ. ಇಷ್ಟಾದರೂ ಉಬುಂಟು ಅಲ್ಲಿಯವರೆಗೆ ಬಂದದ್ದು ಹೇಗೆ? ಇನ್‌ಸ್ಟಾಲರ್ ತನ್ನ ಸಾಲುಗಳನ್ನು ಟೋಕನ್ ನಂಬರಿನಲ್ಲಿ ಬರೆದಿಲ್ಲ, ಯುಯುಐಡಿ (ಪ್ರತಿ ಪಾರ್ಟಿಷನ್ನಿನ ಸ್ವಂತ ಗುರುತು) ಹಾಕಿ ಬರೆದಿದೆ. ಅದು ಜಾಣತನ.

ಡಿಸ್ಕ್ ಬಿಚ್ಚಿದ ಮೇಲಿನ ಕಥೆ ಬೇರೆ. ಈಗ ಎಸ್‌ಡಿಬಿ ಅನ್ನುವವನೇ ಇಲ್ಲ. ಸಿಸ್ಟಮ್‌ಡಿ 90 ಸೆಕೆಂಡ್ ಕಾಯುತ್ತದೆ, ಆಮೇಲೆ ಕೈಚೆಲ್ಲುತ್ತದೆ. ಇದನ್ನು ಕಣ್ಣಾರೆ ನೋಡಬೇಕಾದರೆ ಉಬುಂಟು ಲೋಗೊ ಬಂದಾಗ ಎಸ್ಕೇಪ್ ಒತ್ತಿ. ಸಾಲಿನ ತುದಿಯಲ್ಲಿ ಒಂದೂವರೆ ನಿಮಿಷದ ಗಡಿಯಾರ ಓಡುತ್ತಿರುತ್ತದೆ, ಪಕ್ಕದಲ್ಲಿ ಅದು ಯಾವ ಡಿಸ್ಕಿಗೆ ಕಾಯುತ್ತಿದೆ ಅಂತಲೂ ಬರೆದಿರುತ್ತದೆ. ತಕ್ಷಣ ಬಿದ್ದರೆ ತಪ್ಪು ಡಿಸ್ಕ್ ಸಿಕ್ಕಿದೆ, ಒಂದೂವರೆ ನಿಮಿಷ ಕಾದು ಬಿದ್ದರೆ ಡಿಸ್ಕೇ ಸಿಕ್ಕಿಲ್ಲ. ಇಷ್ಟು ಗೊತ್ತಿದ್ದರೆ ಅರ್ಧ ರಿಪೇರಿ ಆದ ಹಾಗೆ.

ಈಗ ಕೆಲಸ. (ಕಮಾಂಡುಗಳನ್ನು ಫೋನಿನಲ್ಲಿ ಹೇಳುವ ಹಾಗೆ ಹೇಳುತ್ತೇನೆ. ನೀವು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹೊಡೆಯಿರಿ.) ಎಮರ್ಜೆನ್ಸಿ ಮೋಡಿನಲ್ಲಿ ಎಂಟರ್ ಒತ್ತಿದರೆ ಉಬುಂಟು ನಿಮ್ಮನ್ನು ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಒಳಗೆ ಬಿಡುತ್ತದೆ. 'ನ್ಯಾನೊ', ಒಂದು ಸ್ಪೇಸ್, 'ಸ್ಲ್ಯಾಶ್ ಇಟಿಸಿ ಸ್ಲ್ಯಾಶ್ ಎಫ್‌ಎಸ್‌ಟ್ಯಾಬ್' ಅಂತ ಹೊಡೆದು ಎಂಟರ್ ಕೊಡಿ. ಫೈಲ್ ತೆರೆಯುತ್ತದೆ. ನೀವು ಸೇರಿಸಿದ ಸಾಲಿನ ಮುಂದೆ ಒಂದು # ಹಾಕಿ. ಅಳಿಸಬೇಡಿ, # ಸಾಕು. ಕಂಟ್ರೋಲ್ ಒ, ಎಂಟರ್, ಕಂಟ್ರೋಲ್ ಎಕ್ಸ್. ಆಮೇಲೆ 'ರೀಬೂಟ್'. ಉಬುಂಟು ಏಳುತ್ತದೆ. ಸೇವ್ ಮಾಡಲು ಬಿಡದೆ 'ರೀಡ್ ಓನ್ಲಿ' ಅಂತ ಬೈದರೆ ಗಾಬರಿ ಬೇಡ. 'ಮೌಂಟ್ ಹೈಫನ್ ಒ ರಿಮೌಂಟ್ ಕಾಮಾ ಆರ್‌ಡಬ್ಲ್ಯು', ಸ್ಪೇಸ್, ಸ್ಲ್ಯಾಶ್ ಅಂತ ಹೊಡೆದು ಮತ್ತೆ ಪ್ರಯತ್ನಿಸಿ.

ಬೇರೆ ಕೆಲವು ಲಿನಕ್ಸುಗಳಲ್ಲಿ, ಉದಾಹರಣೆಗೆ ರೂಟ್ ಪಾಸ್‌ವರ್ಡ್ ಇಡದ ಡೆಬಿಯನ್‌ನಲ್ಲಿ, 'ರೂಟ್ ಅಕೌಂಟ್ ಲಾಕ್ ಆಗಿದೆ' ಅಂತ ಹೇಳಿ ಬಾಗಿಲು ಹಾಕಿಬಿಡುತ್ತದೆ. ಆಗ ಪೆನ್‌ಡ್ರೈವಿನಲ್ಲಿ ಲೈವ್ ಉಬುಂಟು (ಇನ್‌ಸ್ಟಾಲ್ ಮಾಡದೆ ನೇರವಾಗಿ ಓಡುವಂಥದ್ದು) ಹಾಕಿಕೊಂಡು ಅದರಿಂದ ಬೂಟ್ ಮಾಡಿ, ಒಳಗಿನ ಎಸ್‌ಎಸ್‌ಡಿಯ ಎಫ್‌ಎಸ್‌ಟ್ಯಾಬ್ ತಿದ್ದಿದರೆ ಆಯಿತು. ಲೈವ್ ಸಿಸ್ಟಮ್ಮಿಗೂ ಅದರದ್ದೇ ಒಂದು ಎಫ್‌ಎಸ್‌ಟ್ಯಾಬ್ ಇರುತ್ತದೆ. ಅದನ್ನೇ ತಿದ್ದಿ 'ಏನೂ ಬದಲಾಗಲಿಲ್ಲ' ಅಂತ ತಲೆ ಕೆರೆದುಕೊಂಡವರು ಬಹಳ ಮಂದಿ. ಒಂದು ಕಾಲದಲ್ಲಿ ನಾನೂ ಒಬ್ಬ.

ಕಂಪ್ಯೂಟರ್ ಎದ್ದ ಮೇಲೆ ಆಫ್ ಮಾಡಿ ಫೋಟೊ ಡಿಸ್ಕ್ ಮತ್ತೆ ಹಾಕಿ. ಈ ಸಲ ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಬಿಎಲ್‌ಕೆ ಹೈಫನ್ ಎಫ್' ಹೊಡೆಯಿರಿ. ಪ್ರತಿ ಪಾರ್ಟಿಷನ್ ಪಕ್ಕದಲ್ಲಿ ಒಂದು ಯುಯುಐಡಿ ಕಾಣುತ್ತದೆ. ಇಎಕ್ಸ್‌ಟಿ4 ಆದರೆ ಹೈಫನ್ ಸೇರಿ 36 ಅಕ್ಷರದ ಉದ್ದನೆಯ ಸಾಲು, ಇಎಫ್‌ಐ ಪಾರ್ಟಿಷನ್ನಿಗೆ ನಾಲ್ಕು ನಾಲ್ಕರ ಚಿಕ್ಕದು. ಇದು ಫಾರ್ಮ್ಯಾಟ್ ಮಾಡಿದಾಗ ಹುಟ್ಟುವ ಗುರುತು. ಡಿಸ್ಕನ್ನು ಯಾವ ಪೋರ್ಟಿಗೆ ಹಾಕಿದರೂ ಬದಲಾಗುವುದಿಲ್ಲ. ಎಫ್‌ಎಸ್‌ಟ್ಯಾಬನ್ನು ಮತ್ತೆ ನ್ಯಾನೊದಲ್ಲಿ ತೆರೆಯಿರಿ, ಈ ಸಲ ಮುಂದೆ 'ಸುಡೊ' (ರೂಟ್ ಅಧಿಕಾರ ಕೊಡುವ ಪದ) ಸೇರಿಸಿ. ನಿಮ್ಮ ಸಾಲಿನಲ್ಲಿ 'ಡೆವ್ ಎಸ್‌ಡಿಬಿ1' ಇರುವ ಜಾಗದಲ್ಲಿ ದೊಡ್ಡಕ್ಷರದಲ್ಲಿ ಯುಯುಐಡಿ, ಸಮ ಚಿಹ್ನೆ, ಆ ಗುರುತನ್ನು ಕಾಪಿ ಪೇಸ್ಟ್ ಮಾಡಿ. ಕೈಯಲ್ಲಿ ಟೈಪ್ ಮಾಡುವ ಸಾಹಸ ಬೇಡ. ಆಮೇಲೆ 'ಡಿಫಾಲ್ಟ್ಸ್' ಅಂತ ಇರುವಲ್ಲಿ ಒಂದು ಕಾಮಾ ಹಾಕಿ 'ನೋಫೇಲ್' ಅಂತ ಸೇರಿಸಿ, ನಡುವೆ ಸ್ಪೇಸ್ ಬರಬಾರದು. ಮುಂದಿದ್ದ # ತೆಗೆಯುವುದನ್ನು ಮರೆಯಬೇಡಿ.

'ಡಿಸ್ಕ್ ಇದ್ದರೆ ಮೌಂಟ್ ಮಾಡು, ಇಲ್ಲದಿದ್ದರೆ ಬಿಟ್ಟು ಮುಂದೆ ನಡಿ' ಅನ್ನುವುದೇ ಆ ನೋಫೇಲ್. ಬೂಟ್ ಆಗಲು ಬೇಡದ ಯಾವ ಡಿಸ್ಕಿಗೂ ಅದಿಲ್ಲದೆ ಸಾಲು ಬರೆಯಬಾರದು ಅನ್ನುವುದು ನನ್ನ ಪಕ್ಕಾ ಅಭಿಪ್ರಾಯ. ಆದರೆ ಅದರಲ್ಲಿ ಒಂದು ಕೊಕ್ಕೆ ಇದೆ. ಡಿಸ್ಕ್ ಸಿಗದ ದಿನ ಕಂಪ್ಯೂಟರ್ ಸುಮ್ನೆ ಏಳುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. 'ಫೋಟೊಗಳು' ಅನ್ನುವ ಫೋಲ್ಡರ್ ಹಾಗೇ ಇರುತ್ತದೆ, ಖಾಲಿಯಾಗಿ. ನೀವು ಅದಕ್ಕೇ ಕಾಪಿ ಮಾಡುತ್ತೀರಿ, ಅದು ಹೋಗಿ ಎಸ್‌ಎಸ್‌ಡಿಯಲ್ಲಿ ಕೂರುತ್ತದೆ. ಎರಡು ಮದುವೆಯ ಫೋಟೊಗೆ ಎಸ್‌ಎಸ್‌ಡಿ ತುಂಬಿ ಹೊಸ ತಲೆನೋವು ಶುರು. ಇದಕ್ಕೂ ಮದ್ದಿದೆ. ಡಿಸ್ಕ್ ಮೌಂಟ್ ಆಗಿಲ್ಲದಾಗ, ಆ ಖಾಲಿ ಫೋಲ್ಡರಿನ ಮೇಲೆ ಸುಡೊ ಹಾಕಿ 'ಸಿಎಚ್‌ಎಟಿಟಿಆರ್ ಪ್ಲಸ್ ಐ' ಕಮಾಂಡ್ ಕೊಟ್ಟುಬಿಡಿ. ಆಮೇಲೆ ಡಿಸ್ಕ್ ಅದರ ಮೇಲೆ ಎಂದಿನಂತೆ ಮೌಂಟ್ ಆಗುತ್ತದೆ, ಡಿಸ್ಕ್ ಇಲ್ಲದಿದ್ದರೆ ಮಾತ್ರ ಯಾರಿಗೂ ಏನೂ ಬರೆಯಲು ಬಿಡುವುದಿಲ್ಲ.

ಫೈಲ್ ಸೇವ್ ಮಾಡಿದ ತಕ್ಷಣ ರೀಸ್ಟಾರ್ಟ್ ಮಾಡಬೇಡಿ. ಮೊದಲು 'ಫೈಂಡ್‌ಎಂಎನ್‌ಟಿ', ಸ್ಪೇಸ್, ಎರಡು ಹೈಫನ್, 'ವೆರಿಫೈ' ಹೊಡೆಯಿರಿ. ಸಾಲಿನಲ್ಲಿ ತಪ್ಪಿದ್ದರೆ ಅಲ್ಲೇ ತೋರಿಸುತ್ತದೆ. ಆಮೇಲೆ 'ಸುಡೊ ಮೌಂಟ್ ಹೈಫನ್ ಎ'. ಯಾವ ದೂರೂ ಬರದೆ ಫೋಟೊಗಳು ಕಂಡರೆ ಆಗ ರೀಸ್ಟಾರ್ಟ್. ವಿಡಿಯೊ ಮಾಡಿದವರು ಈ ಎರಡು ಸಾಲು ಹೇಳಿದ್ದರೆ ನಿಮ್ಮ ಒಂದು ತಿಂಗಳು ಉಳಿಯುತ್ತಿತ್ತು.

ಪ್ರಶ್ನೆ: ಕೆಟ್ಟುಹೋದ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಅಪ್ಪನ ಲೆಕ್ಕಪತ್ರಗಳಿವೆ. ಅದನ್ನು ಲಿನಕ್ಸ್ ಮಿಂಟ್ ಇರುವ ಹೊಸ ಕಂಪ್ಯೂಟರಿಗೆ ಜೋಡಿಸಿದರೆ 'ಗ್ರಬ್ ರೆಸ್ಕ್ಯೂ' ಅಂತ ಬಂದು ನಿಲ್ಲುತ್ತದೆ. ತೆಗೆದರೆ ಮಿಂಟ್ ಸರಿಯಾಗಿ ಬರುತ್ತದೆ. ಆ ಡಿಸ್ಕ್ ಫಾರ್ಮ್ಯಾಟ್ ಮಾಡದೆ ಬೇರೆ ದಾರಿ ಇಲ್ಲವೇ?

ಉತ್ತರ: ಫಾರ್ಮ್ಯಾಟ್ ಮಾಡಿದರೆ ಲೆಕ್ಕಪತ್ರ ಎಲ್ಲಿಂದ ತರುತ್ತೀರಿ? ಮೇಲಿನ ಸ್ಟುಡಿಯೊದವರಿಗೂ ನಿಮಗೂ ಇರುವ ವ್ಯತ್ಯಾಸ ನೋಡಿ: ನೀವು ಬಿಚ್ಚಿದರೆ ಸರಿಹೋಗುತ್ತದೆ. ನಿಮ್ಮ ಮಿಂಟ್ ಇನ್ನೂ ಕಣ್ಣೇ ಬಿಟ್ಟಿಲ್ಲ, ಅದಕ್ಕೂ ಮೊದಲೇ ಬಯೋಸ್ (ಆನ್ ಮಾಡಿದ ಕೂಡಲೇ ಓಡುವ ಮದರ್‌ಬೋರ್ಡಿನ ಪ್ರೋಗ್ರಾಮ್) ತಪ್ಪು ಬಾಗಿಲು ತಟ್ಟುತ್ತಿದೆ.

ಆ ಡಿಸ್ಕಿನಲ್ಲಿ ಯಾವಾಗಲೋ ಲಿನಕ್ಸ್ ಇತ್ತು. ಪಾರ್ಟಿಷನ್ ಅಳಿಸಿದರೂ ಡಿಸ್ಕಿನ ಆರಂಭದ ಜಾಗದಲ್ಲಿ ಗ್ರಬ್‌ನ (ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಮ್) ಒಂದು ಚೂರು ಹಾಗೇ ಉಳಿಯುತ್ತದೆ. ಹೊಸ ಡಿಸ್ಕ್ ಕಂಡಾಗ ಕೆಲವು ಮದರ್‌ಬೋರ್ಡುಗಳು ಅದನ್ನೇ ಬೂಟ್ ಪಟ್ಟಿಯ ತಲೆಗೆ ಏರಿಸಿಬಿಡುತ್ತವೆ. ಆ ಚೂರು ಎದ್ದು ತನ್ನ ಉಳಿದ ಫೈಲುಗಳನ್ನು ಹುಡುಕುತ್ತದೆ, ಸಿಗುವುದಿಲ್ಲ, ಅಲ್ಲೇ ಕೂರುತ್ತದೆ. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸಿಗೆ ಹೋಗಿ, ಮಿಂಟ್ ಇರುವ ಡಿಸ್ಕನ್ನು ಮೊದಲನೆಯದು ಮಾಡಿ. ಬಯೋಸಿನ ಹೊಸ ರೂಪವಾದ ಯುಇಎಫ್‌ಐ ಇರುವ ಯಂತ್ರವಾದರೆ ಪಟ್ಟಿಯಲ್ಲಿ 'ಉಬುಂಟು' ಅಂತ ಕಾಣಬಹುದು. ಮಿಂಟ್ ಅದರ ಮೇಲೇ ಕಟ್ಟಿದ್ದು, ಅದೇ ನಿಮ್ಮದು.

ಇನ್ನೊಂದು ವಿಷಯ. ಬಯೋಸ್ ಪಟ್ಟಿಯಲ್ಲಿ ನಿಮ್ಮ ಮಿಂಟ್ ಡಿಸ್ಕೇ ಮಾಯವಾಗಿದ್ದರೆ ಮದರ್‌ಬೋರ್ಡಿನ ಪುಸ್ತಕ ತೆಗೆಯಿರಿ. ಎಂ.2 ಸ್ಲಾಟಿಗೆ (ಚಪ್ಪಟೆ ಎಸ್‌ಎಸ್‌ಡಿ ಕೂರುವ ಜಾಗ) ಏನಾದರೂ ಹಾಕಿದರೆ ಒಂದೋ ಎರಡೋ ಸಾಟಾ ಪೋರ್ಟ್ (ಡಿಸ್ಕಿನ ಕೇಬಲ್ ಚುಚ್ಚುವ ಜಾಗ) ಕೆಲಸ ನಿಲ್ಲಿಸುವ ಬೋರ್ಡುಗಳು ಬೇಕಾದಷ್ಟಿವೆ. ಕೇಬಲನ್ನು ಪಕ್ಕದ ಪೋರ್ಟಿಗೆ ಬದಲಿಸಿದರೆ ಮುಗಿಯಿತು.

ಪ್ರಶ್ನೆ: ಹಾರ್ಡ್ ಡಿಸ್ಕಿನಲ್ಲಿದ್ದ ಲಿನಕ್ಸನ್ನು ಡಿಡಿ ಕಮಾಂಡಿನಿಂದ ಎಸ್‌ಎಸ್‌ಡಿಗೆ ಪೂರ್ತಿ ನಕಲು ಮಾಡಿದೆ. ಹಳೆಯದು ಬ್ಯಾಕಪ್ ಆಗಿರಲಿ ಅಂತ ಒಳಗೇ ಬಿಟ್ಟಿದ್ದೇನೆ. ಬೂಟ್ ಆಗುತ್ತದೆ, ಆದರೆ ನಿನ್ನೆ ಸೇವ್ ಮಾಡಿದ ಫೈಲ್ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ದೆವ್ವವೇ?

ಉತ್ತರ: ಅವಳಿ ಜವಳಿ. ಡಿಡಿ ಒಂದು ಬಿಟ್ಟೂ ಬಿಡದೆ ನಕಲು ಮಾಡುತ್ತದೆ, ಯುಯುಐಡಿಯನ್ನೂ ಸೇರಿಸಿ. ಮೇಲೆ ಯುಯುಐಡಿ ನಂಬಿ ಅಂತ ಹೇಳಿದೆನಲ್ಲ, ಅದು ಕೈಕೊಡುವುದು ಇಲ್ಲೇ. ಒಂದೇ ಗುರುತಿನ ಎರಡು ಡಿಸ್ಕ್ ಇದ್ದಾಗ ಯಾವುದು ಮೊದಲು ಸಿಕ್ಕಿತೋ ಅದರ ಮೇಲೆ ಲಿನಕ್ಸ್ ಏಳುತ್ತದೆ. ನೀವು ಒಂದು ದಿನ ಎಸ್‌ಎಸ್‌ಡಿಯಲ್ಲಿ, ಇನ್ನೊಂದು ದಿನ ಹಳೆಯದರಲ್ಲಿ ಕೆಲಸ ಮಾಡುತ್ತಿದ್ದೀರಿ. ನಾನು ಹೀಗೆ ಎರಡು ವಾರ ಹಳೆಯ ಡಿಸ್ಕಿನಲ್ಲೇ ಇದ್ದುಕೊಂಡು, 'ಎಸ್‌ಎಸ್‌ಡಿ ಹಾಕಿದರೂ ವೇಗ ಅಷ್ಟಕ್ಕಷ್ಟೇ' ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ!

'ಫೈಂಡ್‌ಎಂಎನ್‌ಟಿ', ಸ್ಪೇಸ್, ಸ್ಲ್ಯಾಶ್ ಹೊಡೆದರೆ ಈಗ ಯಾವುದರ ಮೇಲಿದ್ದೀರಿ ಅಂತ ಗೊತ್ತಾಗುತ್ತದೆ. ಆಫ್ ಮಾಡಿ ಹಳೆಯದನ್ನು ಬಿಚ್ಚಿ. ಎಸ್‌ಎಸ್‌ಡಿಯಿಂದ ಎದ್ದ ಮೇಲೆ ಹಳೆಯದನ್ನು ಯುಎಸ್‌ಬಿ ಕೇಸಿನಲ್ಲಿ ಜೋಡಿಸಿ ಅದರಲ್ಲಿ ಮಾತ್ರ ಇರುವ ಹೊಸ ಫೈಲುಗಳನ್ನು ಎತ್ತಿಕೊಳ್ಳಿ. ಆಮೇಲೆ ಅದನ್ನು ಅನ್‌ಮೌಂಟ್ ಮಾಡಿ, ಇಎಕ್ಸ್‌ಟಿ4 ಆಗಿದ್ದರೆ ಮೊದಲು 'ಇ2ಎಫ್‌ಎಸ್‌ಸಿಕೆ ಹೈಫನ್ ಎಫ್' ಓಡಿಸಿ, ನಂತರ 'ಟ್ಯೂನ್2ಎಫ್‌ಎಸ್', ಹೈಫನ್, ದೊಡ್ಡ ಯು, 'ರ‍್ಯಾಂಡಮ್' ಕೊಟ್ಟರೆ ಹೊಸ ಯುಯುಐಡಿ ಸಿಗುತ್ತದೆ. ಎರಡು ಕಮಾಂಡಿನ ಕೊನೆಯಲ್ಲೂ ಹಳೆಯ ಡಿಸ್ಕಿನ ಪಾರ್ಟಿಷನ್ ಹೆಸರು ಬರಬೇಕು, ಎಸ್‌ಎಸ್‌ಡಿಯದ್ದಲ್ಲ. ಇಷ್ಟಾದ ಮೇಲೆ ಹಳೆಯದು ಒಂಟಿಯಾಗಿ ಬೂಟ್ ಆಗುವುದಿಲ್ಲ, ಫೈಲ್ ಇಡಲು ಅಷ್ಟೇ. ನಿಮ್ಮದು ಬಿಟಿಆರ್‌ಎಫ್‌ಎಸ್ ಅನ್ನುವ ಇನ್ನೊಂದು ಫಾರ್ಮ್ಯಾಟ್ ಆಗಿದ್ದರೆ ಅವಳಿಗಳನ್ನು ಒಟ್ಟಿಗೆ ಜೋಡಿಸಲೇಬೇಡಿ, ಡೇಟಾ ಹಾಳಾಗುವ ಅಪಾಯ ಜಾಸ್ತಿ.

ಪ್ರಶ್ನೆ: ಎರಡನೇ ಹಾರ್ಡ್ ಡಿಸ್ಕ್ ಹಾಕಿದರೆ ಕಂಪ್ಯೂಟರಿನ ಲೋಗೊವರೆಗೂ ಹೋಗುವುದಿಲ್ಲ. ಒಮ್ಮೊಮ್ಮೆ 'ಟಕ್ ಟಕ್' ಶಬ್ದ ಬರುತ್ತದೆ. ಲಿನಕ್ಸ್ ಸೆಟ್ಟಿಂಗ್ ಏನಾದರೂ ಬದಲಿಸಬೇಕೇ?

ಉತ್ತರ: ಇಲ್ಲ. ಲೋಗೊ ಬರುವ ಮೊದಲೇ ನಿಂತರೆ ಅದರಲ್ಲಿ ಲಿನಕ್ಸಿನ ಪಾತ್ರ ಏನೂ ಇಲ್ಲ. 3.5 ಇಂಚಿನ ಡಿಸ್ಕ್ ತಿರುಗಲು ಶುರುಮಾಡುವ ಆ ಕೆಲವು ಸೆಕೆಂಡು 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಹಳೆಯ ಪವರ್ ಸಪ್ಲೈ ಆದರೆ, ಅಥವಾ ಒಂದೇ ವೈರಿಗೆ ಕವಲು ಹಾಕಿ ಮೂರು ಡಿಸ್ಕಿಗೆ ಕೊಟ್ಟಿದ್ದರೆ, ಅಲ್ಲೇ ಉಸಿರು ಕಟ್ಟುತ್ತದೆ. ಬೇರೆ ಪವರ್ ವೈರ್, ಬೇರೆ ಸಾಟಾ ಕೇಬಲ್, ಬೇರೆ ಪೋರ್ಟ್ ಹೀಗೆ ಒಂದೊಂದಾಗಿ ಬದಲಿಸಿ ನೋಡಿ.

ನನಗೆ ಚಿಂತೆ ಇರುವುದು ಆ 'ಟಕ್ ಟಕ್' ಬಗ್ಗೆ. ಹೊಸ ಕೇಬಲ್ ಹಾಕಿದರೂ ಅದು ನಿಲ್ಲದಿದ್ದರೆ ಡಿಸ್ಕೇ ಸಾಯುತ್ತಿದೆ. ಸುಮ್ನೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ, ಪ್ರತಿ ಸಲವೂ ಇನ್ನಷ್ಟು ಹಾಳಾಗಬಹುದು. ಒಳಗಿರುವುದು ಅಷ್ಟೇನೂ ಮುಖ್ಯ ಅಲ್ಲದಿದ್ದರೆ, ಸ್ವಂತ ಪವರ್ ಅಡಾಪ್ಟರ್ ಇರುವ ಯುಎಸ್‌ಬಿ ಕೇಸಿಗೆ ಹಾಕಿ, ಲಿನಕ್ಸ್ ಎದ್ದ ಮೇಲೆ ಜೋಡಿಸಿ, 'ಡಿಡಿರೆಸ್ಕ್ಯೂ' ಓಡಿಸಿ. ಅದು ಓದಲು ಬರುವ ಭಾಗವನ್ನು ಮೊದಲು ಎತ್ತಿಕೊಂಡು, ಹಟ ಮಾಡುವ ಭಾಗಕ್ಕೆ ಕೊನೆಗೆ ಕೈ ಹಾಕುತ್ತದೆ. ಮಗುವಿನ ಮೊದಲ ವರ್ಷದ ಫೋಟೊದಂಥದ್ದು ಇದ್ದರೆ ಮಾತ್ರ ನೀವು ಕೈ ಹಾಕಬೇಡಿ. ಡಿಸ್ಕ್ ಬಿಚ್ಚಿ ಜೋಪಾನವಾಗಿಟ್ಟು, ಡೇಟಾ ರಿಕವರಿ ಮಾಡುವವರ ಹತ್ತಿರ ನೇರವಾಗಿ ಒಯ್ಯಿರಿ.