ಪಕ್ಷದ ಒಳಗಿದ್ದುಕೊಂಡೇ ಕೇಳಬೇಕಾದದ್ದು

ಆತ್ಮೀಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದಾವಣಗೆರೆಯ ವಿದ್ಯಾನಗರದಲ್ಲಿ ಬೆಳೆದು, ಎಂಜಿನಿಯರಿಂಗ್ ಮುಗಿಸಿ, ಸ್ನಾತಕೋತ್ತರ ಓದಿಗೆಂದು ಈಗಷ್ಟೇ ಮ್ಯಾಂಚೆಸ್ಟರ್‌ಗೆ ಬಂದಿರುವ ನೀವು, ಸಲಿಂಗಿ ಎಂಬ ಸಂಗತಿಯನ್ನು ಊರಿನಲ್ಲಿ ಯಾರಿಗೂ ಹೇಳಿಲ್ಲವೆಂದೂ, ದೇವರು, ಕುಟುಂಬ, ಸ್ವಂತ ದುಡಿಮೆ ಇವುಗಳಲ್ಲಿ ನಿಮಗಿರುವ ನಂಬಿಕೆಗೆ ಬ್ರಿಟನ್ನಿನ ಸಂಪ್ರದಾಯವಾದಿ ಪಕ್ಷವಾದ ಕನ್ಸರ್ವೇಟಿವ್ ಪಕ್ಷವೇ ಹತ್ತಿರವೆನಿಸುತ್ತದೆಂದೂ ಬರೆದಿದ್ದೀರಿ. ಆ ಪಕ್ಷದಲ್ಲಿದ್ದುಕೊಂಡು ಸಲಿಂಗಿಗಳ ಹಕ್ಕು ಕೇಳಲು ಸಾಧ್ಯವೇ, ಕೇಳಿದರೆ ಸುದ್ದಿ ಮನೆಯವರೆಗೆ ಹೋಗುತ್ತದೆಯೇ, ಮುಂದೆ ಊರಿಗೆ ಮರಳಿದಾಗ ತಂದೆಯವರು ವರ್ಷಗಟ್ಟಲೆ ದುಡಿದ ಪಕ್ಷದಲ್ಲೂ ಇದೇ ಮಾತನ್ನು ಆಡಬಹುದೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿದ್ದೀರಿ. ಅಕ್ಕಾ ಎಂದು ಕರೆದಿದ್ದೀರಿ. ಅಕ್ಕನಾಗಿಯೇ ಉತ್ತರಿಸುತ್ತೇನೆ.

ಸಾಧ್ಯ. ನಾನು ದಾವಣಗೆರೆಯ ಹಳೇ ಪೇಟೆಯವಳು. ಕಿರಾಣಿ ಅಂಗಡಿಯವರ ಮಗಳು. ಇಲ್ಲಿ ನೆಲೆಸಿ, ಇಲ್ಲಿನ ಪೌರತ್ವ ಪಡೆದು, ಒಬ್ಬ ಹೆಣ್ಣನ್ನು ಕಾನೂನುಬದ್ಧವಾಗಿ ಮದುವೆಯಾಗಿ, ಇದೇ ಪಕ್ಷದ ಸ್ಥಳೀಯ ಘಟಕದಲ್ಲಿ ಕೆಲಸ ಮಾಡುತ್ತಾ ಬಂದವಳು. ಆದ್ದರಿಂದ ಸಾಧ್ಯವೆಂಬುದನ್ನು ಅನುಭವದಿಂದಲೇ ಹೇಳಬಲ್ಲೆ. ಸುಲಭವೆಂದು ಮಾತ್ರ ಹೇಳಲಾರೆ.

ಮೊದಲು ನಿಮ್ಮ ಸ್ಥಾನಮಾನದ ಮಾತು ಮುಗಿಸುತ್ತೇನೆ, ಏಕೆಂದರೆ ಹೊಸದಾಗಿ ಬಂದ ಹೆಚ್ಚಿನ ಭಾರತೀಯರಿಗೆ ಇದು ಗೊತ್ತಿರುವುದಿಲ್ಲ. ಭಾರತವು ಕಾಮನ್‌ವೆಲ್ತ್ ದೇಶವಾದ್ದರಿಂದ, ವಿದ್ಯಾರ್ಥಿ ವೀಸಾದಲ್ಲಿ ಇಲ್ಲಿ ವಾಸಿಸುತ್ತಿರುವ ಹದಿನೆಂಟು ತುಂಬಿದ ಭಾರತೀಯರು ಸ್ಥಳೀಯ ಕೌನ್ಸಿಲ್ ಚುನಾವಣೆಯಲ್ಲಿ ಮಾತ್ರವಲ್ಲದೆ ಸಂಸತ್ತಿನ ಚುನಾವಣೆಯಲ್ಲೂ ಮತ ಹಾಕಬಹುದು. ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಳ್ಳಿ. ಮತಗಟ್ಟೆಯಲ್ಲಿ ಗುರುತಿಗೆ ಭಾರತದ ಪಾಸ್‌ಪೋರ್ಟ್ ಸಾಕು. ಅಭ್ಯರ್ಥಿಯಾಗಿ ನಿಲ್ಲಬೇಕಾದರೆ ಶಾಶ್ವತ ವಾಸದ ಅನುಮತಿ ಬೇಕು, ಅದು ಮುಂದಿನ ಮಾತು. ಮನೆ ಬಾಡಿಗೆ, ಉದ್ಯೋಗ, ಕಾಲೇಜು ಇವುಗಳಲ್ಲಿ ಸಲಿಂಗಿ ಎಂಬ ಕಾರಣಕ್ಕೆ ತಾರತಮ್ಯ ಮಾಡುವುದನ್ನು 2010ರ ಸಮಾನತೆ ಕಾಯ್ದೆ ನಿಷೇಧಿಸುತ್ತದೆ. ನಿಮ್ಮ ವೀಸಾ ಯಾವುದೇ ಇರಲಿ, ಆ ರಕ್ಷಣೆ ನಿಮಗೂ ಇದೆ.

ಆ ಪಕ್ಷ ನಿಮ್ಮಂಥವರದಲ್ಲ ಎಂದು ಜೊತೆಯಲ್ಲಿರುವ ಹುಡುಗರು ಹೇಳಿದ್ದಕ್ಕೆ ಆಧಾರವಿಲ್ಲದಿಲ್ಲ. ಅದನ್ನು ಮುಚ್ಚಿಟ್ಟು ನಾನು ನಿಮ್ಮನ್ನು ಪಕ್ಷಕ್ಕೆ ಕರೆದರೆ ತಪ್ಪಾಗುತ್ತದೆ. 1987ರ ಅಕ್ಟೋಬರಿನಲ್ಲಿ ಬ್ಲ್ಯಾಕ್‌ಪೂಲಿನ ಪಕ್ಷದ ಅಧಿವೇಶನದಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್, ನೀತಿಯ ಮೌಲ್ಯಗಳನ್ನು ಕಲಿಯಬೇಕಾದ ಮಕ್ಕಳಿಗೆ ಸಲಿಂಗಿಯಾಗಿರುವುದು ಅವರ ಹಕ್ಕೆಂದು ಹೇಳಿಕೊಡಲಾಗುತ್ತಿದೆಯೆಂದು ದೂರಿದರು. ಮರುವರ್ಷ ಸ್ಥಳೀಯಾಡಳಿತ ಕಾಯ್ದೆಯ 28ನೇ ಕಲಂ ಬಂತು. ಕೌನ್ಸಿಲ್‌ಗಳು ಸಲಿಂಗ ಸಂಬಂಧವನ್ನು ಪ್ರೋತ್ಸಾಹಿಸಬಾರದು, ಅದನ್ನು ಒಪ್ಪಬಹುದಾದ ಕುಟುಂಬ ಸಂಬಂಧವೆಂದು ಶಾಲೆಗಳಲ್ಲಿ ಕಲಿಸುವುದಕ್ಕೆ ಬೆಂಬಲ ಕೊಡಬಾರದು ಎಂಬುದು ಅದರ ತಿರುಳು. ಅಂಥ ಸಂಬಂಧವನ್ನು ಆ ಕಲಂ ಹುಸಿ ಕುಟುಂಬವೆಂದೇ ಕರೆಯಿತು. ಅದರ ಹೆಸರಿನಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲವೆಂದು ಕೆಲವರು ಸಮಾಧಾನ ಹೇಳುತ್ತಾರೆ. ಆದರೆ ಸಹಪಾಠಿಗಳು ಕಾಡುತ್ತಿದ್ದ ಮಗುವನ್ನು ಪಕ್ಕಕ್ಕೆ ಕರೆದು ಧೈರ್ಯ ಹೇಳುವುದಕ್ಕೂ ಶಿಕ್ಷಕರು ಹಿಂಜರಿದರು. ನನ್ನ ಹೆಂಡತಿ ಆ ಕಾಲದ ಶಾಲೆಯಲ್ಲಿ ಓದಿದವಳು, ಆ ಮೌನ ಎಂಥದ್ದೆಂದು ಅವಳ ಬಾಯಿಂದಲೇ ಕೇಳಿದ್ದೇನೆ. 1988ರ ಫೆಬ್ರವರಿಯಲ್ಲಿ ನೀವೀಗ ಓಡಾಡುತ್ತಿರುವ ಇದೇ ಮ್ಯಾಂಚೆಸ್ಟರಿನ ಆಲ್ಬರ್ಟ್ ಚೌಕದಲ್ಲಿ ಸಾವಿರಾರು ಜನ ಆ ಕಲಮಿನ ವಿರುದ್ಧ ಸೇರಿದ್ದರು. ಸ್ಕಾಟ್ಲೆಂಡಿನಲ್ಲಿ 2000ದಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2003ರಲ್ಲಿ ಅದು ರದ್ದಾಯಿತು. ಎರಡೂ ಸಲ ರದ್ದುಮಾಡಿದವರು ನಮ್ಮ ಪಕ್ಷದವರಲ್ಲ.

ಇದೇ ಥ್ಯಾಚರ್ ಅವರು, ವಯಸ್ಕ ಗಂಡಸರ ನಡುವಿನ ಖಾಸಗಿ ಸಂಬಂಧ ಅಪರಾಧವಲ್ಲವೆಂದು ಸಾರುವ ಪ್ರಸ್ತಾವಕ್ಕೆ 1966ರಲ್ಲಿ ಬೆಂಬಲವಿತ್ತ ಕೆಲವೇ ಕನ್ಸರ್ವೇಟಿವ್ ಸಂಸದರಲ್ಲಿ ಒಬ್ಬರಾಗಿದ್ದರು ಎಂಬುದನ್ನೂ ಹೇಳಬೇಕು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಕಾನೂನು ಬದಲಾಯಿತು. ಅವರೂ ಕಿರಾಣಿ ಅಂಗಡಿಯವರ ಮಗಳೇ, ಮತ್ತು ನಾನು ಈ ಪಕ್ಷದತ್ತ ಮೊದಲು ತಿರುಗಿ ನೋಡಿದ್ದು ಆ ಕಾರಣಕ್ಕೆ. ಇಪ್ಪತ್ತು ವರ್ಷಗಳ ಅಂತರದಲ್ಲಿ ಒಬ್ಬರೇ ವ್ಯಕ್ತಿ ಈ ಎರಡು ನಿಲುವುಗಳನ್ನು ತಳೆದದ್ದು ನನ್ನನ್ನು ಬಹಳ ಕಾಲ ಕಾಡಿತು. ನನಗೆ ತೋಚುವ ವಿವರಣೆ ಇದು: ಮನೆಯ ಬಾಗಿಲೊಳಗೆ ಪೊಲೀಸರು ಬರಬಾರದು ಎಂಬುದನ್ನು ಸಂಪ್ರದಾಯವಾದಿ ಮನಸ್ಸು ಬೇಗ ಒಪ್ಪುತ್ತದೆ, ಏಕೆಂದರೆ ಸರ್ಕಾರದ ಕೈ ಉದ್ದವಾಗಬಾರದು ಎಂಬುದು ಅದರ ಮೂಲ ನಂಬಿಕೆ. ಅದೇ ಸಂಬಂಧಕ್ಕೆ ಬೀದಿಯಲ್ಲಿ, ಶಾಲೆಯಲ್ಲಿ, ನೋಂದಣಿ ಕಚೇರಿಯಲ್ಲಿ ಗೌರವ ಕೇಳಿದಾಗ ಅದು ಅಂಜುತ್ತದೆ. ಪಕ್ಷದ ಒಳಗಿರುವ ನಮ್ಮ ಕೆಲಸವಿರುವುದು ಆ ಅಂಜಿಕೆಯ ಜಾಗದಲ್ಲಿ.

ಆ ಕೆಲಸ ಮಾಡಿದವರು ಬಹಳ ಹಿಂದಿನಿಂದಲೂ ಇದ್ದಾರೆ. ಸಲಿಂಗಿಗಳ ಸಮಾನತೆಗಾಗಿ ಪಕ್ಷದೊಳಗೇ 1975ರಲ್ಲಿ ಒಂದು ಗುಂಪು ಹುಟ್ಟಿತು. ಹೊರಗಿನ ಹೋರಾಟಗಾರರು ಅವರನ್ನು ದ್ರೋಹಿಗಳಂತೆ ಕಂಡರು, ಒಳಗಿನವರು ಮುಜುಗರದ ನೆಂಟರಂತೆ ಕಂಡರು. 1994ರಲ್ಲಿ ಲೈಂಗಿಕ ಸಂಬಂಧಕ್ಕೆ ಒಪ್ಪಿಗೆ ಕೊಡುವ ವಯಸ್ಸನ್ನು ಎಲ್ಲರಿಗೂ ಹದಿನಾರೇ ಮಾಡಬೇಕೆಂಬ ತಿದ್ದುಪಡಿಯನ್ನು ತಂದವರು ಕನ್ಸರ್ವೇಟಿವ್ ಸಂಸದೆ ಎಡ್ವಿನಾ ಕರಿ. ಅದು ಸೋತಿತು, ಸಲಿಂಗಿ ಗಂಡಸರಿಗೆ ಆ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕಷ್ಟೇ ಇಳಿಯಿತು. ಸದಸ್ಯತ್ವದಲ್ಲಿರುವಾಗಲೇ ತಾನು ಸಲಿಂಗಿಯೆಂದು ಸ್ವಇಚ್ಛೆಯಿಂದ ಹೇಳಿಕೊಂಡ ಮೊದಲ ಕನ್ಸರ್ವೇಟಿವ್ ಸಂಸದ ಅಲನ್ ಡಂಕನ್, ಅದೂ 2002ರಲ್ಲಿ. ರುತ್ ಡೇವಿಡ್‌ಸನ್ 2011ರಲ್ಲಿ ಸ್ಕಾಟ್ಲೆಂಡಿನ ಪಕ್ಷದ ನಾಯಕಿಯಾದಾಗ ಅವರು ಸಲಿಂಗಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಂದು ನನಗಾದ ಸಂತೋಷವನ್ನು ಇಲ್ಲಿ ಬರೆಯದೆ ಇರಲಾರೆ.

ಈ ಎಲ್ಲದರಲ್ಲಿ ನೀವು ಚೆನ್ನಾಗಿ ಅರಿತುಕೊಳ್ಳಬೇಕಾದದ್ದು ಮದುವೆಯ ಕಾನೂನು ಬಂದ ಬಗೆ. 2011ರಲ್ಲಿ ಇದೇ ಮ್ಯಾಂಚೆಸ್ಟರಿನಲ್ಲಿ ನಡೆದ ಅಧಿವೇಶನದಲ್ಲಿ ಪ್ರಧಾನಿ ಡೇವಿಡ್ ಕ್ಯಾಮರನ್, ತಾವು ಕನ್ಸರ್ವೇಟಿವ್ ಆಗಿರುವುದರಿಂದಲೇ ಸಲಿಂಗ ವಿವಾಹವನ್ನು ಬೆಂಬಲಿಸುವುದಾಗಿ ಹೇಳಿದರು. ಒಂದು ಕಾಲಕ್ಕೆ 28ನೇ ಕಲಮಿನ ಪರ ನಿಂತು, 2009ರಲ್ಲಿ ಅದಕ್ಕಾಗಿ ಪಕ್ಷದ ಪರವಾಗಿ ಕ್ಷಮೆ ಕೇಳಿದವರು ಅವರು. ಅವರ ವಾದ ಸರಳವಾಗಿತ್ತು: ಇಬ್ಬರು ಪರಸ್ಪರರಿಗೆ ಮಾತು ಕೊಟ್ಟು, ಒಬ್ಬರ ಹೊಣೆಯನ್ನು ಒಬ್ಬರು ಹೊತ್ತಾಗ ಸಮಾಜ ಗಟ್ಟಿಯಾಗುತ್ತದೆ, ಮದುವೆಯನ್ನು ಗೌರವಿಸುವ ಪಕ್ಷ ಮದುವೆಯಾಗಲು ಬಯಸುವವರನ್ನು ತಡೆಯಬಾರದು. ಅದರ ಜೊತೆಗೆ ಧಾರ್ಮಿಕ ಸಂಸ್ಥೆಗಳಿಗೆ ಗಟ್ಟಿಯಾದ ರಕ್ಷಣೆಯನ್ನು ಕಾನೂನಿನಲ್ಲೇ ಬರೆದರು. ಯಾವ ಪಾದ್ರಿಯನ್ನೂ ಇಂಥ ಮದುವೆ ನಡೆಸೆಂದು ಒತ್ತಾಯಿಸುವಂತಿಲ್ಲ. ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಪ್ರತ್ಯೇಕ ವಿನಾಯಿತಿಯೂ ಇದೆ. ನನ್ನ ಕೆಲವು ಗೆಳತಿಯರು ಇದನ್ನು ಶರಣಾಗತಿ ಎಂದರು. ನಾನು ಹಾಗೆ ತಿಳಿಯುವುದಿಲ್ಲ. ನನ್ನ ಅಜ್ಜಿ ದಿನವೂ ಕೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆ ಮಾಡುತ್ತಿದ್ದವರು. ಅವರ ಪೂಜೆ ಹೇಗಿರಬೇಕೆಂದು ಸರ್ಕಾರ ಹೇಳಬಾರದು ಎನ್ನುವಾಗ, ಇನ್ನೊಬ್ಬರ ಚರ್ಚು ಹೇಗಿರಬೇಕೆಂದು ಸರ್ಕಾರದಿಂದ ಹೇಳಿಸಲು ನನಗೆ ಮನಸ್ಸಾಗದು. ಆ ರಕ್ಷಣೆಯ ಮಾತನ್ನು ನಾವೇ ಮೊದಲು ಎತ್ತಿದಾಗ, ನಮ್ಮ ಘಟಕದ ಅನೇಕ ಹಿರಿಯರ ವಿರೋಧ ಅಲ್ಲಿಗೇ ಸಡಿಲಗೊಂಡಿದ್ದನ್ನು ಕಂಡಿದ್ದೇನೆ.

ಆದರೂ 2013ರ ಫೆಬ್ರವರಿ 5ರಂದು ಮಸೂದೆ ಎರಡನೆಯ ವಾಚನಕ್ಕೆ ಬಂದು, 400 ಮತಗಳಿಗೆ 175ರಂತೆ ಗೆದ್ದ ದಿನ, ಪರವಾಗಿ ಮತ ಹಾಕಿದ ಕನ್ಸರ್ವೇಟಿವ್ ಸಂಸದರಿಗಿಂತ ವಿರುದ್ಧ ಹಾಕಿದವರೇ ಹೆಚ್ಚಾಗಿದ್ದರು. ಪಕ್ಷದ ವಿಪ್ ಇರಲಿಲ್ಲ, ಪ್ರತಿಯೊಬ್ಬರೂ ತಮ್ಮ ಆತ್ಮಸಾಕ್ಷಿಯಂತೆ ಮತ ಹಾಕಿದರು. ನಮ್ಮದೇ ಪ್ರಧಾನಿಯ ಮಸೂದೆಯನ್ನು ದಡ ಸೇರಿಸಿದ್ದು ಲೇಬರ್ ಮತ್ತು ಲಿಬರಲ್ ಡೆಮಾಕ್ರಾಟ್ ಸಂಸದರ ಮತಗಳು. ಹಾಗಾದರೆ ಪಕ್ಷದ ಒಳಗಿದ್ದವರಿಂದ ಆದದ್ದೇನು ಎಂದು ನೀವು ಕೇಳಬಹುದು. ಸರ್ಕಾರದ ಮಸೂದೆಯಾಗಿ ಅದು ಸದನದ ಮುಂದೆ ಬಂದದ್ದೇ ಅವರಿಂದ. ಗೆದ್ದ ಮೇಲೆ ಅದನ್ನು ಕಿತ್ತೊಗೆಯುವ ಮಾತು ಪಕ್ಷದಲ್ಲಿ ತಲೆ ಎತ್ತದಂತೆ ನೋಡಿಕೊಂಡದ್ದೂ ಅವರೇ. ಒಂದು ಹಕ್ಕು ಗಟ್ಟಿಯಾಗಿ ನಿಲ್ಲಬೇಕಾದರೆ ಎದುರು ಪಕ್ಷವೂ ಅದನ್ನು ತನ್ನದೆಂದು ಒಪ್ಪಬೇಕು. ನಾನು ಈ ಪಕ್ಷ ಬಿಡದಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ.

ಈಗ ನಿಮಗೆ ಬಹಳ ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ನಮ್ಮ ಘಟಕದಲ್ಲಿ ಒಬ್ಬ ಹಿರಿಯರಿದ್ದರು. ಚುನಾವಣೆಯ ಕರಪತ್ರ ಹಂಚಲು ಮಳೆಯಲ್ಲಿ ಜೊತೆಗೆ ನಡೆಯುತ್ತಿದ್ದರು, ನನಗೆ ಹುಷಾರಿಲ್ಲದಾಗ ಮನೆಗೆ ಸೂಪ್ ಕಳಿಸುತ್ತಿದ್ದರು, ನನ್ನ ಹೆಂಡತಿಯ ಹೆಸರು ಹಿಡಿದು ಕ್ಷೇಮ ವಿಚಾರಿಸುತ್ತಿದ್ದರು. ಅದೇ ವಾರಗಳಲ್ಲಿ ಅವರು ಮದುವೆಯ ಮಸೂದೆಯನ್ನು ವಿರೋಧಿಸಬೇಕೆಂದು ಸಂಸದರಿಗೆ ಪತ್ರ ಬರೆದಿದ್ದರು, ಅದನ್ನು ನನ್ನೆದುರಿಗೇ ಹೇಳಿದರು. ಅವರ ಪ್ರೀತಿ ಸುಳ್ಳಾಗಿರಲಿಲ್ಲ. ಆದರೆ ನನ್ನೊಬ್ಬಳ ಮೇಲಿನ ಪ್ರೀತಿ, ನನ್ನಂಥವರೆಲ್ಲರ ಹಕ್ಕಿನ ಕಡೆಗೆ ತಾನಾಗಿ ಹರಿಯುವುದಿಲ್ಲ. ಅದನ್ನು ಬಾಯಿಬಿಟ್ಟು ಕೇಳಬೇಕಾಗುತ್ತದೆ. ಇಂಥ ಪಕ್ಷಗಳಲ್ಲಿ ನಿಮ್ಮನ್ನು ಆದರದಿಂದ ನೋಡುವವರು ಬಹಳ ಜನ ಸಿಗುತ್ತಾರೆ, ಮತ್ತು ಆ ಆದರದಲ್ಲಿ ತೃಪ್ತರಾಗಿ ಕೇಳುವುದನ್ನು ನಿಲ್ಲಿಸುವುದು ಬಹಳ ಸುಲಭ. ಫೋಟೊದಲ್ಲಿ ನಿಮ್ಮನ್ನು ಮುಂದೆ ನಿಲ್ಲಿಸುತ್ತಾರೆ: ಭಾರತೀಯ, ಅದರಲ್ಲೂ ಸಲಿಂಗಿ, ಎಂದು. ನಿಲ್ಲಿ, ತಪ್ಪಿಲ್ಲ. ಆದರೆ ಅದೇ ದಿನ ಅಭ್ಯರ್ಥಿಯನ್ನು ಪಕ್ಕಕ್ಕೆ ಕರೆದು, ಈ ಮಸೂದೆ ಬಂದರೆ ನೀವು ಹೇಗೆ ಮತ ಹಾಕುತ್ತೀರಿ ಎಂದು ಕೇಳಿ. ಉತ್ತರವನ್ನು ನೆನಪಿಡಿ. ಸಲಿಂಗಿಗಳನ್ನು ಬದಲಾಯಿಸುತ್ತೇವೆಂಬ ಚಿಕಿತ್ಸೆಗಳನ್ನು ನಿಷೇಧಿಸುವುದಾಗಿ ನಮ್ಮ ಸರ್ಕಾರ 2018ರಲ್ಲಿ ಮಾತು ಕೊಟ್ಟು, 2024ರಲ್ಲಿ ಅಧಿಕಾರದಿಂದ ಇಳಿಯುವವರೆಗೂ ಕಾನೂನು ಮಾಡಲಿಲ್ಲ. ಲಿಂಗಪರಿವರ್ತಿತರ ವಿಷಯದಲ್ಲಂತೂ ಪಕ್ಷದ ಮಾತು ಈಚಿನ ವರ್ಷಗಳಲ್ಲಿ ಕಠಿಣವಾಗುತ್ತಾ ಬಂದಿದೆ. ಸಲಿಂಗಿ ಗಂಡಸರಿಗೂ ಹೆಂಗಸರಿಗೂ ಸಿಕ್ಕಿದ್ದು ಸಾಕು, ಲಿಂಗಪರಿವರ್ತಿತರ ಮಾತು ಬೇಡ ಎನ್ನುವ ಸಲಿಂಗಿಗಳು ನಮ್ಮಲ್ಲೇ ಇದ್ದಾರೆ. ನನಗೆ ಅದು ನೋವಿನ ಸಂಗತಿ, ಸಭೆಗಳಲ್ಲಿ ಹಾಗೆಂದು ಹೇಳುತ್ತೇನೆ.

ಮಾತಿಗೆ ಬೆಲೆ ಬರಬೇಕಾದರೆ ಕೆಲಸ ಮಾಡಬೇಕು. ಮೊದಲ ಸಭೆಯಲ್ಲೇ ಹಕ್ಕಿನ ಭಾಷಣ ಮಾಡಬೇಡಿ. ಮನೆ ಮನೆಗೆ ಹೋಗಿ, ರಸ್ತೆ ಗುಂಡಿಯ ದೂರುಗಳನ್ನು ಬರೆದುಕೊಳ್ಳಿ, ಕುರ್ಚಿ ಹಾಕಿ. ಊರಿನಲ್ಲಿ ತಂದೆಯವರು ಮಾಡಿದ್ದೂ ಇದೇ ಇರಬೇಕು, ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ.

ಸುದ್ದಿ ಊರಿಗೆ ಹೋಗುತ್ತದೆಯೇ? ಹೋಗಬಹುದು. ಯುಗಾದಿ, ರಾಜ್ಯೋತ್ಸವದ ಕೂಟಗಳಲ್ಲಿ ದಾವಣಗೆರೆ, ಹರಿಹರ, ಹೊಳಲ್ಕೆರೆಯವರು ಸಿಕ್ಕೇ ಸಿಗುತ್ತಾರೆ, ಮತ್ತು ವಾಟ್ಸಾಪಿನಲ್ಲಿ ಒಂದು ಫೋಟೊ ಪಿ.ಜೆ. ಬಡಾವಣೆ ತಲುಪಲು ಒಂದು ಗಳಿಗೆ ಸಾಕು. ನಿಮ್ಮ ಶುಲ್ಕವನ್ನು ತಂದೆಯವರೇ ಕಟ್ಟುತ್ತಿದ್ದಾರೆಂದು ಬರೆದಿದ್ದೀರಿ. ಹಾಗಿರುವಾಗ, ಓದು ಮುಗಿದು ಸಂಬಳ ಕೈಗೆ ಬರುವವರೆಗೆ, ನಿಮ್ಮ ವಿಷಯವನ್ನು ಬಹಿರಂಗವಾಗಿ ಹೇಳಿಕೊಳ್ಳಲೇಬೇಕೆಂಬ ಒತ್ತಡಕ್ಕೆ ಸಿಕ್ಕಿಕೊಳ್ಳಬೇಡಿ. ಸಲಿಂಗಿಗಳ ಹಕ್ಕಿನ ಪರ ಮಾತನಾಡಲು ಸಲಿಂಗಿಯೆಂದು ಘೋಷಿಸಿಕೊಳ್ಳಬೇಕೆಂಬ ನಿಯಮವಿಲ್ಲ. ಫೋಟೊ ಹಾಕಬೇಡಿರೆಂದು ಘಟಕದವರಿಗೆ ಹೇಳಿದರೆ ಕೇಳುತ್ತಾರೆ. ನಿಮ್ಮ ತಾಯಿಯವರು ಈ ಮಾತನ್ನು ನಿಮ್ಮಿಂದಲೇ ಕೇಳಬೇಕು, ಯಾರದೋ ಮೊಬೈಲಿನಿಂದಲ್ಲ. ಅದಕ್ಕೆ ಸಮಯ ನಿಮ್ಮ ಕೈಯಲ್ಲಿರಲಿ.

ಊರಿನ ಪ್ರಶ್ನೆಗೆ ಬರುತ್ತೇನೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಮಿನಿಂದ ವಯಸ್ಕರ ಒಪ್ಪಿತ ಸಂಬಂಧವನ್ನು ಹೊರತಂದಿದೆ. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕನ್ನು ಕೊಡಲು ನಿರಾಕರಿಸಿ, ಅದು ಸಂಸತ್ತಿನ ಕೆಲಸವೆಂದಿದೆ. ಅಂದರೆ ಇನ್ನು ಮುಂದಿನ ದಾರಿ ಪಕ್ಷಗಳ ಮೂಲಕವೇ ಹೋಗಬೇಕು, ಅದಕ್ಕಾಗಿಯೇ ನಿಮ್ಮಂಥವರು ಅಲ್ಲಿ ಬೇಕು. ತಂದೆಯವರ ಬಳಗ ಗೌರವಿಸುವವರ ಮಾತುಗಳನ್ನು ನೀವು ತಿಳಿದಿರಬೇಕು. ಸೊರಬದ ಕಡೆಯವರೇ ಆದ ಆರ್‌ಎಸ್‌ಎಸ್ ನಾಯಕ ದತ್ತಾತ್ರೇಯ ಹೊಸಬಾಳೆಯವರು 2016ರಲ್ಲಿ, ಇತರರಿಗೆ ತೊಂದರೆಯಾಗದಿದ್ದರೆ ಇದು ಅಪರಾಧವಾಗಬಾರದು ಎಂದರು. ಅದರ ಬೆನ್ನಲ್ಲೇ ಸಮಾಜದ ದೃಷ್ಟಿಯಲ್ಲಿ ಅನೈತಿಕವೆಂದೂ, 2023ರಲ್ಲಿ ಮದುವೆ ಗಂಡು ಹೆಣ್ಣಿನ ನಡುವೆ ಮಾತ್ರವೆಂದೂ ಹೇಳಿದರು. ಮೋಹನ್ ಭಾಗವತರು ಅದೇ ವರ್ಷ, ಇಂಥವರು ಎಂದಿನಿಂದಲೂ ಇದ್ದಾರೆ, ತಾವೂ ಸಮಾಜದ ಭಾಗವೆಂದು ಅವರಿಗೆ ಅನ್ನಿಸಬೇಕು ಎಂದರು. ಇವುಗಳಲ್ಲಿ ಒಪ್ಪುವುದೂ ಇದೆ, ಒಪ್ಪಲಾರದ್ದೂ ಇದೆ. ಅರ್ಧವನ್ನು ಮಾತ್ರ ಹೇಳಿ ಗೆಲ್ಲಲು ಹೋಗಬೇಡಿ, ಆ ಬಳಗದವರಿಗೆ ಇನ್ನರ್ಧ ಗೊತ್ತಿರುತ್ತದೆ. ಸಮಾಜದ ಭಾಗವೆಂದು ಒಪ್ಪಿದ ಮೇಲೆ ಅದರ ಅರ್ಥ ದಿನನಿತ್ಯದಲ್ಲಿ ಏನು ಎಂದು ಕೇಳಿ: ಆಸ್ಪತ್ರೆಯಲ್ಲಿ ಸಹಿ ಹಾಕುವವರು ಯಾರು, ಸತ್ತ ಮೇಲೆ ಮನೆ ಯಾರಿಗೆ, ಕಾಲೇಜಿನಲ್ಲಿ ಗೇಲಿಗೆ ಸಿಕ್ಕಿದ ಹುಡುಗನ ದೂರನ್ನು ತೆಗೆದುಕೊಳ್ಳುವವರು ಯಾರು.

ದಾವಣಗೆರೆಯಲ್ಲಿ ಮದುವೆಯ ಮಾತಿನಿಂದ ಶುರುಮಾಡಬೇಡಿ. ಸಲಿಂಗಿ ಜೋಡಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲವೆಂದು ಕೇಂದ್ರದ ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ತಂದೆಯವರು ಬೆಂಬಲಿಸುವ ಸರ್ಕಾರವೇ ಹೊರಡಿಸಿದ ಮಾತು ಅದು, ಆದ್ದರಿಂದ ಪಕ್ಷದ ಯಾವ ಸಭೆಯಲ್ಲೂ ಅದನ್ನು ತಲೆ ಎತ್ತಿ ಹೇಳಬಹುದು. ರಜೆಗೆ ಹೋದಾಗ ಊರಿನ ಒಂದೆರಡು ಬ್ಯಾಂಕ್ ಶಾಖೆಗಳಲ್ಲಿ ಈ ವಿಷಯ ಸಿಬ್ಬಂದಿಗೆ ತಿಳಿದಿದೆಯೇ ಎಂದು ವಿಚಾರಿಸಿ, ಏನು ಹೇಳಿದರೆಂದು ನನಗೆ ಬರೆಯಿರಿ. ಅದಕ್ಕೂ ಮೊದಲು ಇಲ್ಲಿನ ನಮ್ಮ ಘಟಕದ ಮುಂದಿನ ಸಭೆಗೆ ಬನ್ನಿ. ಟ್ರಾಮ್ ನಿಲ್ದಾಣದಿಂದ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ನಿಮ್ಮ ಅಕ್ಕ